‘ವಿಕಲಚೇತನರಿಗೆ ಸಕಲ ಸೌಕರ್ಯ’: ನವೀಕೃತ ಸಭಾಭವನವೊಂದರ ವಿಮರ್ಶೆ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ ಭಾಗದಲ್ಲಿ ಮದುವೆ, ಉಪನಯನಗಳಿಗೆ ಬಾಡಿಗೆಗೆ ಸಿಗುವ ಸಭಾಭವನಗಳಿಗೆ ಈಗ ಕೊರತೆಯಿಲ್ಲ. ಅವುಗಳಲ್ಲಿ ಒಂದು ಈಚೆಗೆ ನವೀಕರಣಗೊಂಡಿದ್ದು, ಗೇಟಿನ ಬಳಿಯ ಫಲಕದಲ್ಲಿ ಹವಾನಿಯಂತ್ರಣ, ಜನರೇಟರ್, ವಾಹನ ನಿಲುಗಡೆಗಳ ಪಟ್ಟಿಯ ಕೊನೆಗೆ ‘ವಿಕಲಚೇತನರಿಗೆ ಸಕಲ ಸೌಕರ್ಯ’ ಎಂಬ ಮಾತನ್ನೂ ಸೇರಿಸಿಕೊಂಡಿದೆ. ಪಾರ್ಶ್ವವಾಯುವಿನ ಬಳಿಕ ಗಾಲಿಕುರ್ಚಿಯಲ್ಲೇ ಓಡಾಡುವ ಚಿಕ್ಕಮ್ಮನನ್ನೂ ಹುಟ್ಟಿನಿಂದ ಕಣ್ಣು ಕಾಣದ ಭಾವನವರನ್ನೂ ಕರೆದುಕೊಂಡು ಅಲ್ಲಿನ ಮದುವೆಯೊಂದಕ್ಕೆ ಹೋಗುವ ಸಂದರ್ಭ ಒದಗಿದ್ದರಿಂದ, ಆ ಒಂದು ಮಾತನ್ನಷ್ಟೇ ಹಿಡಿದುಕೊಂಡು ಈ ವಿಮರ್ಶೆ ಬರೆಯುತ್ತಿದ್ದೇನೆ. ಸಭಾಭವನದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಕಂಡ ಕೊರತೆಗಳಲ್ಲಿ ಹೆಚ್ಚಿನವು ನಾನು ನೋಡಿದ ಬೇರೆ ಸಭಾಭವನಗಳಲ್ಲೂ ಇವೆ; ಇಲ್ಲಿನ ಒಳ್ಳೆಯ ಅಂಶಗಳು ಅಲ್ಲಿ ಇನ್ನೂ ಬಂದಿಲ್ಲ.

ಈ ಊರುಗಳಲ್ಲಿ ಇಂಥದೊಂದು ಪರಿಶೀಲನೆಗೆ ಬೇರೆಡೆಗಿಂತ ಹೆಚ್ಚಿನ ಅಗತ್ಯವಿದೆ. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುವ ಕೆಲಸ 2000ನೇ ಇಸವಿಯವರೆಗೂ ನಡೆದ ನೆಲವಿದು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಮುಂತಾದ ಪಂಚಾಯತುಗಳಲ್ಲಿ ಹಾಸಿಗೆಯಲ್ಲೋ ಗಾಲಿಕುರ್ಚಿಯಲ್ಲೋ ದಿನ ಕಳೆಯುವ ಮಕ್ಕಳಿರುವ, ಆ ಮಕ್ಕಳು ಈಗ ದೊಡ್ಡವರಾಗಿರುವ ಮನೆಗಳು ಎಷ್ಟೋ ಇವೆ. 2011ರಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ದೇಶದಲ್ಲೇ ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಆದರೆ ಪರಿಹಾರದ ಹಣದಿಂದ ಊರಿನ ಮೆಟ್ಟಿಲುಗಳ ಎತ್ತರ ಕಡಿಮೆಯಾಗುವುದಿಲ್ಲ. ‘ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ’ ಎಂದು ಅಚ್ಚು ಹಾಕಿಸಿದ ಆಮಂತ್ರಣ ಪತ್ರಿಕೆ ಕೈಗೆ ಬಂದಾಗ ಅಂಥ ಮನೆಗಳಲ್ಲಿ ಮೊದಲು ನಡೆಯುವುದು, ಮಗುವಿನ ಹತ್ತಿರ ಮನೆಯಲ್ಲಿ ಉಳಿಯುವವರು ಯಾರು ಎಂಬ ಚರ್ಚೆ. ಉಳಿಯುವವಳು ಸಾಮಾನ್ಯವಾಗಿ ತಾಯಿ. ಹೀಗೆ ಒಂದು ಮನೆಯಿಂದ ಇಬ್ಬರು ವರ್ಷಗಟ್ಟಲೆ ನೆಂಟರಿಷ್ಟರ ಕಣ್ಣಿಗೇ ಬೀಳದೆ ಹೋಗುತ್ತಾರೆ.

ಇನ್ನು ಸಭಾಭವನದ ವಿಚಾರ. ಮುಂಬಾಗಿಲ ರ‍್ಯಾಂಪ್ ಇಲ್ಲಿ ನಿಜವಾಗಿಯೂ ಮೆಚ್ಚಬೇಕಾದ ಕೆಲಸ. ಮೊದಲಿದ್ದ ಮೂರು ಮೆಟ್ಟಿಲುಗಳ ಒಟ್ಟು ಎತ್ತರ ಸುಮಾರು 45 ಸೆಂಟಿಮೀಟರ್. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ಕಟ್ಟಡ ನಿಯಮಗಳ ಲೆಕ್ಕ. ಆ ಪ್ರಕಾರ ಇಲ್ಲಿಗೆ 5.4 ಮೀಟರ್ ಉದ್ದದ ರ‍್ಯಾಂಪ್ ಬೇಕಾಗುತ್ತದೆ, ಕಟ್ಟಿದವರು ಅಷ್ಟನ್ನೂ ಕೊಟ್ಟಿದ್ದಾರೆ. ಹೆಚ್ಚಿನ ಕಡೆ ಈ ಲೆಕ್ಕವೇ ತಪ್ಪುತ್ತದೆ. ಮೆಟ್ಟಿಲಿನ ಪಕ್ಕದಲ್ಲಿ ಉಳಿದ ಎರಡು ಮೀಟರಿನೊಳಗೆ ಸಿಮೆಂಟು ಬಳಿದು, ಸ್ಕೂಟರ್ ಹತ್ತಿಸಲು ಮಾತ್ರ ಉಪಯೋಗಕ್ಕೆ ಬರುವ ಕಡಿದಾದ ಇಳಿಜಾರನ್ನು ಮಾಡಿ, ಅದರ ಮೇಲೆ ಗಾಲಿಕುರ್ಚಿಯ ಚಿತ್ರ ಬರೆದಿರುತ್ತಾರೆ. ಇಲ್ಲಿ ಎರಡೂ ಬದಿಗೆ ಹಿಡಿಕಂಬಿಗಳಿವೆ, ನೆಲಕ್ಕೆ ನುಣುಪಾದ ಟೈಲ್ಸ್ ಹಾಕದೆ ಒರಟು ಕಲ್ಲು ಹಾಸಿದ್ದಾರೆ, ಮೇಲೆ ಶೀಟಿನ ಮಾಡು ಇದೆ. ಜೋರು ಮಳೆಯ ಆಟಿ ತಿಂಗಳಲ್ಲಿ ಮದುವೆಗಳಿಲ್ಲ, ನಿಜ. ಆದರೂ ಮೇ ತಿಂಗಳ ಕೊನೆಯ ಮುಹೂರ್ತಗಳಿಗೆ ಮಳೆ ಬಂದೇ ಬರುವ ಊರಿನಲ್ಲಿ ಆ ಮಾಡಿನ ಬೆಲೆ ಗಾಲಿಕುರ್ಚಿ ತಳ್ಳುವವನಿಗೆ ಗೊತ್ತು. ಕಾರಿನಿಂದ ಇಳಿಯುವ ಜಾಗದಿಂದ ರ‍್ಯಾಂಪಿನ ಬುಡದವರೆಗೂ ಇಂಟರ್‌ಲಾಕ್ ಸಮತಟ್ಟಾಗಿದೆ, ಜಲ್ಲಿಯಲ್ಲಿ ಮುಂದಿನ ಚಿಕ್ಕ ಚಕ್ರ ಹೂತುಹೋಗುವ ತಾಪತ್ರಯವಿಲ್ಲ.

ಕೆಟ್ಟದ್ದು ನಡೆದದ್ದು ಅಲಂಕಾರದವರ ಕೈಯಲ್ಲಿ. ವಧೂವರರ ಹೆಸರಿನ ಸ್ವಾಗತ ಫಲಕವನ್ನೂ ಎರಡು ದೊಡ್ಡ ಹೂಕುಂಡಗಳನ್ನೂ ತಂದು ರ‍್ಯಾಂಪಿನ ತಲೆಯಲ್ಲೇ ಇಟ್ಟಿದ್ದರು. ಹೇಳಿದ ಕೂಡಲೇ ಮೇನೇಜರರು ತೆಗೆಸಿದರು. ಆದರೂ ಪ್ರತಿ ಮದುವೆಗೂ ಬೇರೆ ಬೇರೆ ಅಲಂಕಾರದವರು ಬರುವುದರಿಂದ, ಬಾಡಿಗೆ ಪತ್ರದಲ್ಲೇ ‘ರ‍್ಯಾಂಪಿನ ಮೇಲೆ ಏನನ್ನೂ ಇಡಬಾರದು’ ಎಂಬ ಷರತ್ತು ಸೇರಿಸಿದರೆ ಒಳ್ಳೆಯದು.

ಸಭಾಂಗಣದ ಬಾಗಿಲು ಅಗಲವಾಗಿದೆ, ಹೊಸ್ತಿಲಿಲ್ಲ. ಕುರ್ಚಿಗಳ ಸಾಲಿನಲ್ಲಿ ಗಾಲಿಕುರ್ಚಿಗೆಂದು ಬಿಟ್ಟ ಜಾಗವಿಲ್ಲದ ಕಾರಣ ಚಿಕ್ಕಮ್ಮನನ್ನು ನಡುವಿನ ಹಾದಿಯಲ್ಲಿ ನಿಲ್ಲಿಸಬೇಕಾಯಿತು. ವೀಡಿಯೊದವರು ಹಿಂದೆ ಮುಂದೆ ಓಡಾಡುವಾಗಲೆಲ್ಲ ಕುರ್ಚಿಯನ್ನು ಸರಿಸಬೇಕಾಯಿತು. ಎರಡನೆಯ ಸಾಲಿನ ಅಂಚಿನಿಂದ ಎರಡು ಕುರ್ಚಿ ತೆಗೆದರೆ ತೀರುವ ಸಮಸ್ಯೆಯಿದು, ಖರ್ಚಿಲ್ಲ. ವೇದಿಕೆಯದು ಹಾಗಲ್ಲ. ಅದಕ್ಕೆ ಏಳು ಮೆಟ್ಟಿಲುಗಳಿವೆ, ಅಂದರೆ ಒಂದು ಮೀಟರಿಗೂ ಮಿಕ್ಕಿದ ಎತ್ತರ. ನಿಯಮದ ಪ್ರಕಾರ ರ‍್ಯಾಂಪ್ ಮಾಡಲು ಹನ್ನೆರಡೂವರೆ ಮೀಟರ್ ಉದ್ದವೂ ನಡುವೆ ತಂಗಲು ಒಂದು ಸಮತಟ್ಟಾದ ಜಾಗವೂ ಬೇಕು. ಸಭಾಂಗಣದೊಳಗೆ ಅಷ್ಟು ಸ್ಥಳವಿಲ್ಲ. ಹಲಗೆ ಇಟ್ಟು ನಾಲ್ವರು ಸೇರಿ ಎಳೆದು ಹತ್ತಿಸುತ್ತೇವೆ ಎಂದು ಹುಡುಗರು ಮುಂದೆ ಬಂದರು, ಚಿಕ್ಕಮ್ಮ ಒಪ್ಪಲಿಲ್ಲ, ಒಪ್ಪದಿದ್ದದ್ದೇ ಸರಿ. ಮದುಮಕ್ಕಳೇ ಕೆಳಗಿಳಿದು ಬಂದು ಅಕ್ಷತೆ ಹಾಕಿಸಿಕೊಂಡರು. ಅದು ಅವರ ಸೌಜನ್ಯ, ಸಭಾಭವನದ ಸೌಕರ್ಯಗಳ ಲೆಕ್ಕಕ್ಕೆ ಅದನ್ನು ಹಿಡಿಯುವಂತಿಲ್ಲ. ನೆಟ್ಟಗೆ ಮೇಲೇರುವ ಚಿಕ್ಕ ಲಿಫ್ಟನ್ನು ವೇದಿಕೆಯ ಬದಿಯಲ್ಲಿ ಕೂರಿಸಬಹುದು, ಇಲ್ಲವೇ ಮುಂದಿನ ನವೀಕರಣದಲ್ಲಿ ವೇದಿಕೆಯ ಎತ್ತರವನ್ನು ಅರ್ಧಕ್ಕೆ ಇಳಿಸಬಹುದು. ನನಗೆ ಎರಡನೆಯದೇ ಸರಿಯೆನಿಸುತ್ತದೆ. ಮಂಡಿನೋವಿನ ಅಜ್ಜಂದಿರೆಲ್ಲ ಹರಸುತ್ತಾರೆ.

ಇವೆಲ್ಲ ಖಾಸಗಿ ಕಟ್ಟಡದ ಯಜಮಾನರ ಔದಾರ್ಯಕ್ಕೆ ಬಿಟ್ಟ ವಿಷಯ ಎಂದು ಅನೇಕರು ತಿಳಿದಿದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಸಾರ್ವಜನಿಕ ಕಟ್ಟಡವೆಂದರೆ ಸರಕಾರದ್ದಾಗಲಿ ಖಾಸಗಿಯದ್ದಾಗಲಿ, ಜನರು ಬಳಸುವ ಕಟ್ಟಡ. ಸಾಂಸ್ಕೃತಿಕ, ಧಾರ್ಮಿಕ, ವಾಣಿಜ್ಯ ಉದ್ದೇಶದವೂ ಅದರೊಳಗೆ ಬರುತ್ತವೆ. ಆ ಕಾಯಿದೆಯ ನಿಯಮಗಳು 2017ರ ಜೂನ್ ತಿಂಗಳಲ್ಲಿ ಪ್ರಕಟವಾದವು, ಹಳೆಯ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟ ಐದು ವರ್ಷಗಳ ಗಡುವು 2022ರಲ್ಲೇ ಮುಗಿಯಿತು. ಸುಗಮ ಪ್ರವೇಶದ ಮಾನದಂಡಗಳನ್ನು ಬರೀ ಶಿಫಾರಸುಗಳಾಗಿ ಉಳಿಸಿದ್ದ ನಿಯಮವು ಕಾಯಿದೆಗೆ ವಿರುದ್ಧವೆಂದು ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು ತೀರ್ಪು ಕೊಟ್ಟಿದೆ, ಕಡ್ಡಾಯ ಮಾನದಂಡಗಳನ್ನು ರೂಪಿಸುವಂತೆ ಕೇಂದ್ರ ಸರಕಾರಕ್ಕೆ ಹೇಳಿದೆ. ಮೊದಲ ಉಲ್ಲಂಘನೆಗೆ 10 ಸಾವಿರ ರೂಪಾಯಿವರೆಗೆ, ಮರುಕಳಿಸಿದರೆ 50 ಸಾವಿರದಿಂದ 5 ಲಕ್ಷದವರೆಗೆ ದಂಡ ವಿಧಿಸಲು ಕಾಯಿದೆಯಲ್ಲಿ ಅವಕಾಶವಿದೆ. ಒಂದು ದಿನದ ಬಾಡಿಗೆಯ ಮುಂದೆ ಮೊದಲ ದಂಡ ಏನೂ ಅಲ್ಲ ಎಂಬುದು ಬೇರೆ ಮಾತು.

ಊಟದ ಹಾಲ್ ಈ ಸಭಾಭವನದ ದೊಡ್ಡ ಸೋಲು. ಗುಡ್ಡದ ಇಳಿಜಾರಿನಲ್ಲಿ ಮುರಕಲ್ಲು ಕಡಿದು ಕಟ್ಟಿದ ನಮ್ಮ ಕಡೆಯ ಹಲವು ಕಟ್ಟಡಗಳಂತೆ ಇಲ್ಲಿಯೂ ಸಭೆ ಮೇಲೆ, ಊಟ ಕೆಳಗೆ. ಒಳಗಿನಿಂದ ಇಳಿಯಲು ಮೆಟ್ಟಿಲೇ ಗತಿ, ಲಿಫ್ಟ್ ಇಲ್ಲ. ಗಾಲಿಕುರ್ಚಿಯವರು ಪುನಃ ಹೊರಗೆ ಬಂದು, ಕಾರು ಹತ್ತಿ, ಕಟ್ಟಡವನ್ನು ಸುತ್ತಿ, ತರಕಾರಿ ಮತ್ತು ಗ್ಯಾಸ್ ಸಿಲಿಂಡರಿನ ಗಾಡಿ ಬರುವ ಕೆಳಗಿನ ಗೇಟಿನಿಂದ ಒಳಬರಬೇಕು. ಅಲ್ಲಿ ಮೆಟ್ಟಿಲಿಲ್ಲ, ಅಷ್ಟರಮಟ್ಟಿಗೆ ಸರಿ. ಆದರೆ ಆ ದಾರಿಯು ಅಡುಗೆಮನೆಯ ಒದ್ದೆ ನೆಲ, ಪಾತ್ರೆ ತೊಳೆಯುವ ಜಾಗ, ಉಂಡ ಎಲೆಗಳ ರಾಶಿ ಇವೆಲ್ಲವನ್ನೂ ದಾಟಿ ಊಟದ ಹಾಲಿಗೆ ಬರುತ್ತದೆ. ‘ಇಷ್ಟು ಮದುವೆಗಳಲ್ಲಿ ಅಡುಗೆಯವರಿಗಿಂತ ಮೊದಲೇ ಪಾಯಸ ನೋಡಿದ್ದು ಇವತ್ತೇ’ ಎಂದು ಚಿಕ್ಕಮ್ಮ ನಕ್ಕರು. ರೇಷ್ಮೆಸೀರೆ ಉಟ್ಟು ಬಂದವರನ್ನು ಸಾಮಾನು ಸಾಗಿಸುವ ದಾರಿಯಲ್ಲಿ ಊಟಕ್ಕೆ ಕರೆತರುವುದನ್ನು ‘ಸಕಲ ಸೌಕರ್ಯ’ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಲಿಫ್ಟಿಗೆ ಹಣ ಕೂಡಿಬರುವವರೆಗೆ, ಆ ಗೇಟಿನ ಪಕ್ಕದ ಗೋಡೆಯಲ್ಲಿ ನೇರವಾಗಿ ಊಟದ ಹಾಲಿಗೆ ತೆರೆಯುವ ಇನ್ನೊಂದು ಬಾಗಿಲನ್ನಾದರೂ ಇಡಬಹುದು. ಗೋಡೆಯ ಆಚೆಬದಿಗೆ ಈಗಿರುವುದು ಹೆಚ್ಚುವರಿ ಕುರ್ಚಿಗಳನ್ನು ಪೇರಿಸಿಟ್ಟ ಮೂಲೆ ಮಾತ್ರ.

ಮೇಜುಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಮಡಚುವ ಮೇಜುಗಳ ಕಾಲುಗಳ ನಡುವೆ ಅಡ್ಡಪಟ್ಟಿ ಇರುವುದರಿಂದ ಗಾಲಿಕುರ್ಚಿಯ ಪಾದದ ಹಲಗೆ ಅದಕ್ಕೆ ತಾಗುತ್ತದೆ, ಕೂತವರು ಎಲೆಯಿಂದ ಒಂದು ಮೊಳ ದೂರವೇ ಉಳಿಯುತ್ತಾರೆ, ಸಾರನ್ನ ಮಡಿಲಿಗೆ ಬೀಳುತ್ತದೆ. ಅಡ್ಡಪಟ್ಟಿಯಿಲ್ಲದ ನಾಲ್ಕು ಕಾಲಿನ ಮೇಜು ಎರಡಿದ್ದರೆ ಸಾಕು.

ಆದರೆ ಬಾಳೆಎಲೆಯ ಊಟವನ್ನು ಉಳಿಸಿಕೊಂಡದ್ದಕ್ಕೆ ಇಲ್ಲಿನವರನ್ನು ಹೊಗಳಲೇಬೇಕು. ಭಾವನವರಿಗೆ ಬಫೆ ಎಂದರೆ ಆಗದು. ಒಂದು ಕೈಯಲ್ಲಿ ಬಿಳಿಕೋಲು, ಇನ್ನೊಂದರಲ್ಲಿ ತಟ್ಟೆ, ಎದುರಿಗೆ ಯಾವ ಪಾತ್ರೆಯಲ್ಲಿ ಏನಿದೆಯೆಂದು ತಿಳಿಯದ ಸಾಲು. ಎಲೆಯಲ್ಲಾದರೆ ಉಪ್ಪು ಎಲ್ಲಿ, ಉಪ್ಪಿನಕಾಯಿ ಎಲ್ಲಿ, ಪಲ್ಯ ಎಲ್ಲಿ, ಕೋಸಂಬರಿ ಎಲ್ಲಿ ಎಂಬುದು ಚಿಕ್ಕಂದಿನಿಂದ ಬೆರಳಿಗೆ ಗೊತ್ತಿರುವ ಕ್ರಮ. ಬಡಿಸುವವರು ‘ಸಾರು, ಸಾರು’, ‘ಮೇಲಾರ’, ‘ಪಾಯಸ’ ಎಂದು ಕೂಗುತ್ತಲೇ ಪಂಕ್ತಿಯಲ್ಲಿ ಮುಂದೆ ಬರುತ್ತಾರೆ, ಯಾರನ್ನೂ ಕೇಳಬೇಕಿಲ್ಲ. ಗಾಲಿಕುರ್ಚಿಯವರೂ ಕೈ ಎಟಕದ ಪಾತ್ರೆಗಳಿಗಾಗಿ ಕಾಯಬೇಕಿಲ್ಲ. ಕಣ್ಣಿಲ್ಲದವರಿಗೂ ಕೈಲಾಗದವರಿಗೂ ಹೊಂದುವ ಈ ವ್ಯವಸ್ಥೆಯನ್ನು ಬಿಟ್ಟು ಬಫೆಯ ಕಡೆಗೆ ಹೊರಟ ಸಭಾಭವನಗಳು ಒಂದು ಪಂಕ್ತಿಯನ್ನಾದರೂ ಉಳಿಸಿಕೊಳ್ಳಲಿ ಎಂಬುದು ನನ್ನ ವಿನಂತಿ. ಇಲ್ಲಿಯೂ ಈಚೆಗೆ ಕೆಲವು ಹುಡುಗರು ಮಾತಿಲ್ಲದೆ ಬಡಿಸಿ ಓಡುವುದನ್ನು ಕಂಡೆ. ಅವರಿಗೆ ಯಾರಾದರೂ ಹಿರಿಯ ಬಾಣಸಿಗರು ಹೇಳಿಕೊಡಬೇಕು.

ಶೌಚಾಲಯಕ್ಕೆ ಹಣ ಖರ್ಚು ಮಾಡಿದ್ದಾರೆ, ಅದು ಕಾಣುತ್ತದೆ. ಕಮೋಡಿನ ಎರಡೂ ಪಕ್ಕದಲ್ಲಿ ಗಟ್ಟಿಯಾದ ಹಿಡಿಕಂಬಿಗಳಿವೆ, ಬಾಗಿಲು 90 ಸೆಂಟಿಮೀಟರ್ ಅಗಲವಿದೆ. ಆದರೆ ಬಾಗಿಲು ಒಳಗಡೆಗೆ ತೆರೆಯುತ್ತದೆ. ಗಾಲಿಕುರ್ಚಿ ಒಳಹೊಕ್ಕ ಮೇಲೆ ಅದನ್ನು ಮುಚ್ಚಲು ಜಾಗವಿಲ್ಲ. ಕುರ್ಚಿ ಸುತ್ತು ತಿರುಗಲು ಕನಿಷ್ಠ ಒಂದೂವರೆ ಮೀಟರ್ ತೆರವು ಬೇಕಾದಲ್ಲಿ ನೆಲ ಒರಸುವ ಕೋಲು, ಬಕೆಟು, ಫಿನಾಯಿಲ್ ಕ್ಯಾನುಗಳನ್ನು ಇಟ್ಟಿದ್ದಾರೆ. ಬೀಗದ ಕೈ ಮೇನೇಜರರ ಕಿಸೆಯಲ್ಲಿತ್ತು, ಮೇನೇಜರರು ಊಟದ ಹಾಲಿನಲ್ಲಿದ್ದರು. ಈ ಶೌಚಾಲಯ ಇರುವುದು ಮೇಲಿನ ಅಂತಸ್ತಿನಲ್ಲಿ ಮಾತ್ರ. ಕೆಳಗೆ ಊಟಕ್ಕೆ ಕೂತವರಿಗೆ ಬೇಕಾದರೆ ಪುನಃ ಅಡುಗೆಮನೆ, ಗೇಟು, ಕಾರು, ರ‍್ಯಾಂಪ್ ಎಲ್ಲ ಆಗಬೇಕು. ಇದನ್ನು ಮೊದಲೇ ಊಹಿಸಿ ಚಿಕ್ಕಮ್ಮ ಬೆಳಗಿನಿಂದ ನೀರನ್ನೇ ಕುಡಿದಿರಲಿಲ್ಲ ಎಂಬುದು ನಮಗೆ ತಿಳಿದದ್ದು ಸಂಜೆಯ ಹೊತ್ತಿಗೆ. ಹೊರಗೆ ಹೊರಟಾಗ ನೀರು ಬಿಡುವ ಈ ಅಭ್ಯಾಸ ಗಾಲಿಕುರ್ಚಿ ಬಳಸುವ ಹೆಂಗಸರಲ್ಲಿ ಎಷ್ಟು ಸಾಮಾನ್ಯವೆಂಬುದನ್ನು ಅವರ ಮನೆಯವರೂ ಗಮನಿಸಿರುವುದಿಲ್ಲ. ಮೂತ್ರನಾಳದ ಸೋಂಕಿಗೆ ಅದು ಸುಲಭದ ದಾರಿ.

ಉಳಿದವನ್ನು ಚಿಕ್ಕದಾಗಿ ಹೇಳುತ್ತೇನೆ. ಸಭಾಭವನದವರೇ ಒಂದು ಗಾಲಿಕುರ್ಚಿ ಇಟ್ಟಿದ್ದಾರೆ, ಅದಕ್ಕೆ ಬೇರೆ ಬಾಡಿಗೆ ಇಲ್ಲ, ಆದರೆ ಟಯರಿಗೆ ಗಾಳಿ ಇಲ್ಲ. ಬರಹಗಳು ಕನ್ನಡ, ಮಲಯಾಳಂ ಎರಡರಲ್ಲೂ ದೊಡ್ಡಕ್ಷರದಲ್ಲಿವೆ, ಇದು ಸಂತೋಷದ ವಿಷಯ. ವಾಟ್ಸಾಪಿನಲ್ಲಿ ಕಳುಹಿಸುವ ವಿವರಪತ್ರ ಮಾತ್ರ ಚಿತ್ರರೂಪದಲ್ಲಿದೆ. ಭಾವನವರ ಫೋನು ಕನ್ನಡವನ್ನು ಚೆನ್ನಾಗಿ ಓದಿ ಹೇಳುತ್ತದೆಯಾದರೂ ಈ ಚಿತ್ರದ ಮುಂದೆ ಅದು ಮೂಕ. ಅದೇ ವಿವರವನ್ನು ಟೈಪ್ ಮಾಡಿ ಕಳುಹಿಸಲು ಐದು ನಿಮಿಷ ಸಾಕು. ಚೆಂಡೆ, ಬ್ಯಾಂಡುಗಳ ಅಬ್ಬರ ತಾಳಲಾರದೆ ಅಳುವ ಮಕ್ಕಳನ್ನು ಕರೆದೊಯ್ಯಲು ನಿಶ್ಶಬ್ದವಾದ ಕೋಣೆ ಇಲ್ಲ. ವರನ ಕಡೆಯವರಿಗೆ ಕೊಡುವ ಎರಡು ಕೋಣೆಗಳಲ್ಲಿ ಒಂದು ಮುಹೂರ್ತದ ನಂತರ ಖಾಲಿಯೇ ಇರುತ್ತದೆ.

ಐದರಲ್ಲಿ ಅಂಕ ಕೊಡಬೇಕಾದರೆ ಮುಂಬಾಗಿಲಿಗೆ ಐದು, ಊಟದ ಹಾಲಿನ ದಾರಿಗೆ ಒಂದು, ಒಟ್ಟಾರೆ ಮೂರು ಕೊಡುತ್ತೇನೆ. ಗಾಲಿಕುರ್ಚಿಯ ನೆಂಟರಿರುವ ಮನೆಯವರು ಇಲ್ಲಿ ಮುಹೂರ್ತ ನಿಶ್ಚಯಿಸಿದರೆ ತಪ್ಪೇನಿಲ್ಲ; ಮುಂಗಡ ಕೊಡುವ ಮೊದಲು ಕೆಳಗಿನ ಗೇಟಿನ ದಾರಿಯನ್ನು ಆ ದಿನ ತೊಳೆದು ಒಣಗಿಸಿ ಬಿಡಬೇಕೆಂದೂ, ಶೌಚಾಲಯಕ್ಕೆ ಬೀಗ ಹಾಕಬಾರದೆಂದೂ ಪತ್ರದಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು. ಶೌಚಾಲಯದ ಬಾಗಿಲನ್ನು ಹೊರಗಡೆಗೆ ತೆರೆಯುವಂತೆ ತಿರುಗಿಸಿ ಕೂರಿಸುತ್ತೇವೆ, ಹೊರಗಿನಿಂದಲೂ ತೆಗೆಯಲಾಗುವ ಚಿಲಕ ಹಾಕಿಸುತ್ತೇವೆ ಎಂದು ಮೇನೇಜರರು ಒಪ್ಪಿದ್ದಾರೆ, ಬಡಗಿಯನ್ನು ನನ್ನೆದುರೇ ಫೋನಿನಲ್ಲಿ ಕರೆದಿದ್ದಾರೆ. ಕೆಳಗಿನ ಗೋಡೆಯ ಬಾಗಿಲಿನ ವಿಷಯವನ್ನು ಆಡಳಿತ ಸಮಿತಿಯ ಸಭೆಯಲ್ಲಿ ಇಡಬೇಕಂತೆ.