ಪಕ್ಕದಲ್ಲಿದ್ದರೂ ಕಾಣದ ಕಂಪ್ಯೂಟರ್: ಲೋಕಲ್‌ಸೆಂಡ್ ಜೊತೆ ಎರಡು ವರ್ಷ

ನನ್ನ ಬಳಿ ಒಂದು ಆಂಡ್ರಾಯ್ಡ್ ಫೋನ್, ವಿಂಡೋಸ್ ಕಂಪ್ಯೂಟರ್ ಮತ್ತು ಲಿನಕ್ಸ್ ಹಾಕಿಕೊಂಡಿರುವ ಹಳೆಯ ಲ್ಯಾಪ್‌ಟಾಪ್ ಇವೆ. ಮನೆಯಲ್ಲಿ ಇನ್ನೊಬ್ಬರದು ಐಫೋನ್. ಈ ನಾಲ್ಕರ ನಡುವೆ ಕಡತಗಳನ್ನು ತಂತಿಯಿಲ್ಲದೆ ಸಾಗಿಸಲು ಲೋಕಲ್‌ಸೆಂಡ್ ಎಂಬ ಮುಕ್ತ ತಂತ್ರಾಂಶವನ್ನು ಎರಡು ವರ್ಷಗಳಿಂದ ಹೆಚ್ಚುಕಡಿಮೆ ಪ್ರತಿದಿನ ಬಳಸುತ್ತಿದ್ದೇನೆ. ಹಾಕಿಕೊಂಡ ಮೊದಲ ವಾರದಲ್ಲೇ ಈ ವಿಮರ್ಶೆಯನ್ನು ಬರೆದಿದ್ದರೆ ಇದರಲ್ಲಿ ಹೊಗಳಿಕೆಯಷ್ಟೇ ಇರುತ್ತಿತ್ತು. ಎರಡನೆಯ ತಿಂಗಳಲ್ಲಿ ಬರೆದಿದ್ದರೆ ಬೈಗುಳವಷ್ಟೇ ಇರುತ್ತಿತ್ತು. ಆ ಬೈಗುಳದಲ್ಲಿ ಬಹುಪಾಲು ತಂತ್ರಾಂಶಕ್ಕೆ ಸಲ್ಲಬೇಕಾದದ್ದಲ್ಲ ಎಂಬುದು ಆಮೇಲೆ ತಿಳಿಯಿತು.

ಇದಕ್ಕೂ ಮೊದಲು ಬ್ಲೂಟೂತ್ ಬಳಸುತ್ತಿದ್ದೆ. ಅದರ ವೇಗ ಕಾಗದದ ಮೇಲೆ ಸೆಕೆಂಡಿಗೆ 3 ಮೆಗಾಬಿಟ್ ಇದ್ದರೂ ಕೈಗೆ ಸಿಗುವುದು ಸುಮಾರು 2. 8 ಬಿಟ್‌ಗೆ ಒಂದು ಬೈಟ್ ಎಂಬ ಲೆಕ್ಕದಲ್ಲಿ 1 ಗಿಗಾಬೈಟ್ ವಿಡಿಯೊ ಹೋಗಲು ಒಂದು ಗಂಟೆಗೂ ಹೆಚ್ಚು ಬೇಕು. ಸಂದೇಶದ ಆ್ಯಪ್‌ಗಳ ಮೂಲಕ ನನಗೆ ನಾನೇ ಕಳುಹಿಸಿಕೊಂಡ ಚಿತ್ರಗಳು ಕುಗ್ಗಿ ಬರುತ್ತಿದ್ದವು. ಕಡತ ಸಾಗಿಸುವ ಸೌಲಭ್ಯಗಳಲ್ಲಿ ಏರ್‌ಡ್ರಾಪ್ ಆಪಲ್ ಸಾಧನಗಳ ನಡುವೆ ಚೆನ್ನಾಗಿ ನಡೆಯುತ್ತದೆ, ಕ್ವಿಕ್ ಶೇರ್ ಆಂಡ್ರಾಯ್ಡ್ ಮತ್ತು ವಿಂಡೋಸ್ ನಡುವೆ ನಡೆಯುತ್ತದೆ, ಆದರೆ ನನ್ನ ಮನೆಯ ಲಿನಕ್ಸ್ ಲ್ಯಾಪ್‌ಟಾಪ್ ಈ ಎರಡೂ ಪಂಕ್ತಿಗೆ ಸೇರದು. ಲೋಕಲ್‌ಸೆಂಡ್‌ಗೆ ಆ ಭೇದವಿಲ್ಲ. ಖಾತೆ ತೆರೆಯಬೇಕಿಲ್ಲ, ಜಾಹೀರಾತು ಇಲ್ಲ, ಇಂಟರ್‌ನೆಟ್ ಕೂಡ ಬೇಕಿಲ್ಲ. ಒಂದೇ ವೈ-ಫೈ ಜಾಲದಲ್ಲಿರುವ ಎರಡು ಸಾಧನಗಳು ತಮ್ಮ ನಡುವೆ ಗೂಢಲಿಪೀಕರಿಸಿದ ಸಂಪರ್ಕ ಕಟ್ಟಿಕೊಂಡು ಕಡತವನ್ನು ಮೂಲದ ಗುಣಮಟ್ಟದಲ್ಲೇ ದಾಟಿಸುತ್ತವೆ.

'ಒಂದೇ ಜಾಲದಲ್ಲಿರುವ' ಎಂಬ ಆ ಷರತ್ತಿನಲ್ಲೇ ಎಲ್ಲ ತೊಡಕೂ ಅಡಗಿದೆ. ಏರ್‌ಡ್ರಾಪ್‌ನಂಥವು ಬ್ಲೂಟೂತ್ ಮೂಲಕ ಪರಸ್ಪರ ಗುರುತಿಸಿ, ಬಳಿಕ ಸಾಧನದಿಂದ ಸಾಧನಕ್ಕೆ ನೇರ ವೈ-ಫೈ ಕೊಂಡಿ ಹಾಕಿಕೊಳ್ಳಬಲ್ಲವು. ಲೋಕಲ್‌ಸೆಂಡ್ ಹಾಗಲ್ಲ, ಅದು ಪೂರ್ತಿ ರೌಟರಿನ ಕೃಪೆಯಲ್ಲಿದೆ. ತಾನು ಇಲ್ಲಿದ್ದೇನೆಂದು ಸಾರಲು ಅದು 224.0.0.167 ಎಂಬ ಮಲ್ಟಿಕಾಸ್ಟ್ (ಒಮ್ಮೆಗೇ ಹಲವು ಸಾಧನಗಳಿಗೆ ಕೇಳಿಸುವ) ವಿಳಾಸಕ್ಕೆ 53317ನೆಯ ಪೋರ್ಟಿನಲ್ಲಿ, ಅಂದರೆ ಸಾಧನದ ಒಂದು ನಿಗದಿತ ಬಾಗಿಲಿನಲ್ಲಿ, ಒಂದು ಕೂಗು ಹಾಕುತ್ತದೆ. ವೈ-ಫೈಯಲ್ಲಿ ಇಂಥ ಸಾಮೂಹಿಕ ಕೂಗಿಗೆ ತಲುಪಿದ ಸ್ವೀಕೃತಿ ಬರುವುದಿಲ್ಲ. ದಾರಿಯಲ್ಲಿ ಕಳೆದುಹೋದರೆ ರೌಟರ್ ಅದನ್ನು ಮತ್ತೆ ಕಳುಹಿಸುವುದೂ ಇಲ್ಲ. ಹೀಗಾಗಿ ಮೇಜಿನ ಮೇಲೆ ಅಕ್ಕಪಕ್ಕದಲ್ಲೇ ಇರುವ ಫೋನ್ ಮತ್ತು ಕಂಪ್ಯೂಟರ್ ಒಂದು ದಿನ ಕೂಡಲೇ ಪರಸ್ಪರ ಕಾಣಿಸಿ, ಮರುದಿನ ಯಾವ ಕಾರಣವೂ ಇಲ್ಲದಂತೆ ಮಾಯವಾಗುತ್ತವೆ.

ಎರಡನೆಯ ತಿಂಗಳಲ್ಲಿ ನನ್ನ ಮನೆಯ ರೌಟರ್ ಬದಲಾಯಿತು. ಅಂದಿನಿಂದ ಫೋನಿಗೆ ಕಂಪ್ಯೂಟರ್ ಕಾಣಿಸಲೇ ಇಲ್ಲ. ತಂತ್ರಾಂಶವನ್ನು ಮೂರು ಬಾರಿ ಅಳಿಸಿ ಮತ್ತೆ ಹಾಕಿಕೊಂಡೆ, ಫೋನಿನ ಜಾಲದ ಸೆಟ್ಟಿಂಗ್‌ಗಳನ್ನೆಲ್ಲ ಮೊದಲಿನ ಸ್ಥಿತಿಗೆ ತಂದೆ, ಅದರಿಂದ ಉಳಿಸಿಟ್ಟಿದ್ದ ವೈ-ಫೈ ಪಾಸ್‌ವರ್ಡ್‌ಗಳೆಲ್ಲ ಹೋದವು. ಕಾರಣ ಇದ್ದದ್ದು ರೌಟರಿನ ಸೆಟ್ಟಿಂಗ್‌ಗಳ ಪುಟದ ಒಂದು ಮೂಲೆಯಲ್ಲಿ: ಎಪಿ ಐಸೊಲೇಷನ್ ಎಂಬ ಆಯ್ಕೆ ಮೊದಲೇ ಚಾಲೂ ಆಗಿತ್ತು. ಅದು ಚಾಲೂ ಇದ್ದರೆ ಪ್ರತಿ ಸಾಧನವೂ ಇಂಟರ್‌ನೆಟ್ ಜೊತೆ ಮಾತ್ರ ಮಾತನಾಡಬಲ್ಲದು, ಪಕ್ಕದ ಸಾಧನದೊಂದಿಗೆ ಅಲ್ಲ. ಅತಿಥಿಗಳಿಗೆಂದು ಇಡುವ ಗೆಸ್ಟ್ ಜಾಲಗಳೂ ಸಾಮಾನ್ಯವಾಗಿ ಹೀಗೇ ಇರುತ್ತವೆ, ಮತ್ತು ಅಪರಿಚಿತರು ಸೇರುವಲ್ಲಿ ಅದು ಇರಬೇಕಾದ ರಕ್ಷಣೆಯೇ. ಆದರೆ ಇಂಟರ್‌ನೆಟ್ ಸರಾಗವಾಗಿ ಬರುತ್ತಿರುವಾಗ ವೈ-ಫೈಯಲ್ಲೇ ದೋಷವಿದೆ ಎಂದು ಯಾರಿಗೆ ಹೊಳೆದೀತು?

ಅದು ಬಗೆಹರಿದ ಮೇಲೆ ವಿಂಡೋಸ್ ಅಡ್ಡ ಬಂತು. ಹೊಸ ರೌಟರನ್ನು ಅದು ಹೊಸ ಜಾಲವೆಂದು ಎಣಿಸಿ 'ಪಬ್ಲಿಕ್' ಎಂಬ ವರ್ಗಕ್ಕೆ ಹಾಕಿತ್ತು. ಆ ವರ್ಗದಲ್ಲಿ ಹೊರಗಿನಿಂದ ಬರುವ ಸಂಪರ್ಕಗಳಿಗೆ ಫೈರ್‌ವಾಲ್ ಎಂಬ ಕಾವಲು ವ್ಯವಸ್ಥೆ ಬಿಗಿಯಾಗಿರುತ್ತದೆ. ಇದರ ಲಕ್ಷಣವೊಂದು ವಿಚಿತ್ರವಾಗಿದೆ, ಬಲ್ಲವರು ಅದರಿಂದಲೇ ರೋಗ ಗುರುತಿಸಬಹುದು: ಕಂಪ್ಯೂಟರಿನಿಂದ ಫೋನಿಗೆ ಕಡತ ಹೋಗುತ್ತದೆ, ಫೋನಿನಿಂದ ಕಂಪ್ಯೂಟರಿಗೆ ಬರುವುದಿಲ್ಲ. ಮನೆಯ ಜಾಲವನ್ನು 'ಪ್ರೈವೇಟ್' ಎಂದು ಬದಲಿಸಿದ ಮೇಲೆ ಎರಡೂ ದಿಕ್ಕು ತೆರೆಯಿತು. ಐಫೋನಿನಲ್ಲಿ 2020ರ ಐಒಎಸ್ 14ರಿಂದ ಈಚೆಗೆ ಸ್ಥಳೀಯ ಜಾಲದ ಬಳಕೆಗೆ ಪ್ರತ್ಯೇಕ ಅನುಮತಿ ಬೇಕು. ಮೊದಲ ಸಲ ಕೇಳಿದಾಗ ಅವಸರದಲ್ಲಿ 'ಬೇಡ' ಎಂದು ಒತ್ತಿದರೆ ಸೆಟ್ಟಿಂಗ್ಸ್‌ನೊಳಗೆ ಹೋಗಿಯೇ ಅದನ್ನು ಸರಿಪಡಿಸಬೇಕು. ಸಂಪರ್ಕವನ್ನು ದೂರದ ಸರ್ವರಿನ ಮೂಲಕ ಹಾಯಿಸುವ ವಿಪಿಎನ್ ಚಾಲೂ ಇದ್ದಾಗಲೂ ಸಾಧನಗಳು ಕಾಣದೆ ಹೋಗುವುದುಂಟು.

ಇಷ್ಟೆಲ್ಲ ಆದರೂ ಕೆಲವೊಮ್ಮೆ ಪಟ್ಟಿ ಖಾಲಿಯೇ ಇರುತ್ತದೆ. ಆಗ ಕಂಪ್ಯೂಟರಿನ ಐಪಿ ವಿಳಾಸವನ್ನು, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆಯನ್ನು, ಫೋನಿನಲ್ಲಿ ಕೈಯಾರೆ ಬರೆದು ಕಳುಹಿಸಬಹುದು. ನನ್ನ ಅನುಭವದಲ್ಲಿ ಇದು ಸೋತದ್ದು ತೀರ ಅಪರೂಪ. ರೌಟರಿನಲ್ಲಿ ಕಂಪ್ಯೂಟರಿಗೊಂದು ಬದಲಾಗದ ವಿಳಾಸ ಕಾಯ್ದಿರಿಸಿ, ಲೋಕಲ್‌ಸೆಂಡ್‌ನ ಮೆಚ್ಚಿನವುಗಳ ಪಟ್ಟಿಯಲ್ಲಿ ಅದನ್ನು ಸೇರಿಸಿಟ್ಟ ಮೇಲೆ ಹುಡುಕಾಟದ ಗೊಡವೆಯೇ ಬಹುಮಟ್ಟಿಗೆ ತಪ್ಪಿತು. ಇದನ್ನು ಮೊದಲ ದಿನವೇ ಮಾಡಿಕೊಳ್ಳಬೇಕಿತ್ತು.

ವೇಗದ ವಿಷಯದಲ್ಲಿ ನಾನು ತಡವಾಗಿ ಕಲಿತದ್ದು ಇನ್ನೊಂದಿದೆ. ಫೋನ್ ಮತ್ತು ಕಂಪ್ಯೂಟರ್ ಎರಡೂ ವೈ-ಫೈಯಲ್ಲಿದ್ದರೆ ಪ್ರತಿ ಬೈಟೂ ಗಾಳಿಯಲ್ಲಿ ಎರಡು ಸಲ ಸಾಗಬೇಕು, ಮೊದಲು ಫೋನಿನಿಂದ ರೌಟರಿಗೆ, ಆಮೇಲೆ ರೌಟರಿನಿಂದ ಕಂಪ್ಯೂಟರಿಗೆ. ಇಬ್ಬರೂ ಒಂದೇ ಚಾನೆಲ್ ಹಂಚಿಕೊಳ್ಳುವುದರಿಂದ ವೇಗ ಅರ್ಧಕ್ಕೆ ಬೀಳುತ್ತದೆ. ಕಂಪ್ಯೂಟರನ್ನು ಈಥರ್‌ನೆಟ್ ತಂತಿಯಿಂದ ರೌಟರಿಗೆ ಜೋಡಿಸಿದ ದಿನ ನನ್ನ ವರ್ಗಾವಣೆಯ ವೇಗ ಸೆಕೆಂಡಿಗೆ ಸುಮಾರು 18 ಮೆಗಾಬೈಟ್‌ನಿಂದ 35ರ ಆಸುಪಾಸಿಗೆ ಏರಿತು. ಇದು ವೈ-ಫೈಯ 5 ಗಿಗಾಹರ್ಟ್ಸ್ ತರಂಗಪಟ್ಟಿಯ ಮಾತು. ಫೋನ್ ತಾನಾಗಿಯೇ 2.4 ಗಿಗಾಹರ್ಟ್ಸ್‌ಗೆ ಇಳಿದುಬಿಟ್ಟರೆ 4 ಅಥವಾ 5 ಮೆಗಾಬೈಟ್‌ಗೆ ತೃಪ್ತಿಪಡಬೇಕಾಗುತ್ತದೆ.

ಒಂದು ತಪ್ಪು ಮಾತ್ರ ಪೂರ್ತಿ ನನ್ನದೇ. ಉದ್ದನೆಯ ವಿಡಿಯೊ ಒಂದು ಪ್ರತಿ ಸಲವೂ ಮುಗಿಯುವ ಹಂತಕ್ಕೆ ಬಂದು ನಿಲ್ಲುತ್ತಿತ್ತು, ನಿಂತಲ್ಲಿಂದ ಮುಂದುವರಿಸುವ ಸೌಲಭ್ಯ ಇಲ್ಲದ್ದರಿಂದ ಮತ್ತೆ ಮೊದಲಿನಿಂದ ಕಳುಹಿಸಬೇಕಿತ್ತು. ಇಡೀ ಸಂಜೆ ವೈ-ಫೈಯನ್ನು ಶಪಿಸಿದ ಮೇಲೆ ಗಮನಿಸಿದೆ: ಬಂದ ಕಡತಗಳನ್ನು ಉಳಿಸಲು ನಾನು ಒಂದು ಪೆನ್‌ಡ್ರೈವ್ ತೋರಿಸಿದ್ದೆ, ಅದು ಎಫ್‌ಎಟಿ32 ಎಂಬ ಹಳೆಯ ಕಡತ ಶೇಖರಣಾ ವಿನ್ಯಾಸದಲ್ಲಿತ್ತು, ಆ ವಿನ್ಯಾಸದಲ್ಲಿ 4 ಗಿಗಾಬೈಟ್ ಮೀರಿದ ಒಂದೇ ಕಡತಕ್ಕೆ ಜಾಗವಿಲ್ಲ.

ಹೊರಗೆ ಹೋದಾಗ, ನಂಬಲರ್ಹ ವೈ-ಫೈ ಇಲ್ಲದಲ್ಲಿ, ಫೋನಿನ ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪನ್ನು ಅದಕ್ಕೇ ಸೇರಿಸುತ್ತೇನೆ. ಆಗ ಮೊಬೈಲ್ ಡೇಟಾ ಬಂದ್ ಮಾಡುವುದನ್ನು ಮರೆಯಬಾರದು. ಇಲ್ಲವಾದರೆ ಲ್ಯಾಪ್‌ಟಾಪ್ ಇದೇ ಸಮಯವೆಂದು ತನ್ನ ಅಪ್‌ಡೇಟ್‌ಗಳನ್ನೆಲ್ಲ ಇಳಿಸಿಕೊಳ್ಳತೊಡಗುತ್ತದೆ. ಐಫೋನಿನಿಂದ ದೊಡ್ಡ ಕಡತ ಕಳುಹಿಸುವಾಗ ಪರದೆ ಆರದಂತೆ ನೋಡಿಕೊಳ್ಳಬೇಕು, ಏಕೆಂದರೆ ಹಿನ್ನೆಲೆಗೆ ಸರಿದ ಆ್ಯಪನ್ನು ಐಒಎಸ್ ಹೆಚ್ಚು ಹೊತ್ತು ಓಡಲು ಬಿಡುವುದಿಲ್ಲ. ವರ್ಷಕ್ಕೊಮ್ಮೆ ಫೋನಿನ ಚಿತ್ರಗಳನ್ನೆಲ್ಲ ಒಟ್ಟಿಗೆ ಇಳಿಸುವಾಗ ಮಾತ್ರ ಈಗಲೂ ಯುಎಸ್‌ಬಿ ಕೇಬಲನ್ನೇ ಹುಡುಕಿ ತೆಗೆಯುತ್ತೇನೆ.