ಮುಲುಂಡಿನ ಸ್ಪೋಕನ್ ಇಂಗ್ಲಿಷ್ ಕ್ಲಾಸ್: ‘ಗೆಟ್’ ಒಂದರಲ್ಲೇ ದುಡ್ಡು ವಸೂಲ್

ಕ್ಲಾಸಿನ ಹೆಸರು ಹಾಕುದಿಲ್ಲ, ಮೊದಲೇ ಹೇಳಿಬಿಡ್ತೇನೆ. ಓನರ್ ನಮ್ಮ ಹೋಟೆಲಿನ ದಿನದ ಗಿರಾಕಿ, ಬೆಳಿಗ್ಗೆ ಒಂದು ಸಾದಾ ದೋಸೆ, ಎರಡು ಸಲ ಚಟ್ನಿ, ಮತ್ತೆ ಈ ರಿವ್ಯೂನಲ್ಲಿ ಸ್ವಲ್ಪ ಬೈಗುಳವೂ ಉಂಟು, ಯಾಕೆ ಸುಮ್ನೆ. ಮುಂಬೈಯ ಮುಲುಂಡ್ ವೆಸ್ಟ್, ಕೆಳಗೆ ಫರ್ಸಾಣ್, ಅಂದ್ರೆ ಗುಜರಾತಿ ಕುರುಕಲು ತಿಂಡಿಯ ಅಂಗಡಿ, ಮೇಲೆ ಕ್ಲಾಸ್ ಅಂತ ಅಂದ್ಕೊಳ್ಳಿ. ಮೂರು ತಿಂಗಳು, ವಾರಕ್ಕೆ ಮೂರು ದಿನ, ಮಧ್ಯಾಹ್ನ 3ರಿಂದ 4.30, ಫೀಸು 5,500. ಆ ಟೈಮಿಂಗ್ ನೋಡಿಯೇ ನಾನು ಸೇರಿದ್ದು, ಊಟದ ರಶ್ ಮುಗ್ದು ಸಂಜೆ ತಿಂಡಿ ಶುರುವಾಗುವ ತನಕ ಹೋಟೆಲಿನವನಿಗೆ ಸಿಗುದು ಅಷ್ಟೇ, ಬಾಕಿಯವ್ರೆಲ್ಲ ರಾತ್ರಿ 8ರ ಬ್ಯಾಚ್ ಇಡ್ತಾರೆ, ಆ ಹೊತ್ತಿಗೆ ನಾನು ಗಲ್ಲಾ ಬಿಟ್ಟು ಎದ್ರೆ ಭಾವ ನನ್ನನ್ನು ಊರಿನ ಬಸ್ಸು ಹತ್ತಿಸ್ತಾರೆ.

ಸೇರ್ಲಿಕ್ಕೆ ಕಾರಣ ಒಂದು ಚಟ್ನಿ. ಪೊವಾಯಿಯ ಒಂದು ಆಫೀಸಿಗೆ 60 ಪ್ಲೇಟ್ ಇಡ್ಲಿ ವಡೆ ಕಳ್ಸಿದ್ದೆ, ಮೇ ತಿಂಗಳು, ಆ ಸೆಕೆಯಲ್ಲಿ ಕಾಯಿ ಚಟ್ನಿ ಎಷ್ಟು ಹೊತ್ತು ನಿಲ್ತದೆ ಹೇಳಿ. ಹನ್ನೊಂದು ಗಂಟೆಗೆ ಒಬ್ರು ಮೇಡಂ ಫೋನು, ‘ದ ಚಟ್ನಿ ಹ್ಯಾಸ್ ಗಾನ್ ಆಫ್’ ಅಂತ. ನಾನು ಗಾನ್ ಅಂದ್ರೆ ಹೋಗಿದೆ, ಆಫ್ ಅಂದ್ರೆ ಖಾಲಿ ಆಗಿರ್ಬೇಕು ಅಂತ ಲೆಕ್ಕ ಹಾಕಿ, ಟೆನ್ಶನ್ ಬೇಡ ಮೇಡಂ ಇನ್ನೂ ಒಂದು ಡಬ್ಬ ಕಳಿಸ್ತೇನೆ ಅಂತ ಅದೇ ಚಟ್ನಿಯ ಉಳಿದ ಡಬ್ಬವನ್ನು ಹುಡುಗನ ಕೈಯಲ್ಲಿ ಕೊಟ್ಟು ಕಳಿಸಿಯೇ ಬಿಟ್ಟೆ. ಆರ್ಡರ್ ಹೋಯ್ತು. ಅವ್ರು ಹೇಳಿದ್ದು ಚಟ್ನಿ ಹಾಳಾಗಿದೆ ಅಂತ.

ಮೊದಲ ಮೂರು ವಾರ ವೇಸ್ಟ್. ಇಂಟ್ರಡ್ಯೂಸ್ ಯುವರ್‌ಸೆಲ್ಫ್, ಮೈ ಹಾಬಿ, ಅದೇ ರಾಮಾಯಣ. ಎಸಿ ಉಂಟು, ಹಾಕುದಿಲ್ಲ. ಹನ್ನೆರಡು ಜನರ ಬ್ಯಾಚ್ ಅಂತ ಹೇಳಿ ಇಪ್ಪತ್ತೆರಡು ಜನರನ್ನು ತುಂಬಿಸಿದ್ದಾರೆ. ಆದ್ರೆ ನಾಲ್ಕನೇ ವಾರ ನಮ್ಮ ಟೀಚರ್ ಮೇಡಂ ಬೋರ್ಡಿನಲ್ಲಿ ‘ಗೆಟ್’ ಅಂತ ಬರ್ದು, ಇದು ಗೊತ್ತಿದ್ರೆ ಅರ್ಧ ಇಂಗ್ಲಿಷ್ ಗೊತ್ತಿದ್ದ ಹಾಗೆ ಅಂದ್ರು, ಅಲ್ಲಿಂದ ಕ್ಲಾಸ್ ಬೇರೆಯೇ ಆಯ್ತು ಮಾರಾಯ್ರೆ.

ಗೆಟ್ ನಂತ್ರ ಒಂದು ವಸ್ತು ಬಂದ್ರೆ ಸಿಗುದು ಇಲ್ಲಾ ತರುದು: ಗೆಟ್ ಎ ಜಾಬ್, ಗೆಟ್ ಪರ್ಮಿಶನ್, ಗೆಟ್ ಮಿ ಸಮ್ ವಾಟರ್. ಗುಣ ಹೇಳುವ ಶಬ್ದ ಬಂದ್ರೆ ಆಗುದು: ಗೆಟ್ ಆಂಗ್ರಿ, ಗೆಟ್ ಟಯರ್ಡ್, ಗೆಟ್ ರೆಡಿ. ಜಾಗ ಬಂದ್ರೆ ತಲುಪುದು: ಗೆಟ್ ಟು ದ ಸ್ಟೇಶನ್, ಆದ್ರೆ ಗೆಟ್ ಹೋಮ್ ಅನ್ನುವಲ್ಲಿ ‘ಟು’ ಹಾಕ್ಲಿಕ್ಕಿಲ್ಲ. ವಸ್ತು ಮತ್ತು ಗುಣ ಎರಡೂ ಒಟ್ಟಿಗೆ ಬಂದ್ರೆ ಹಾಗೆ ಆಗುವಂತೆ ಮಾಡುದು: ಗೆಟ್ ದ ಟೇಬಲ್ ರೆಡಿ. ಈ ಶಬ್ದ ಇಂಗ್ಲಿಷಿನವರದ್ದೇ ಅಲ್ಲ, ಹಳೇ ನಾರ್ಸ್ ಭಾಷೆಯಿಂದ ಬಂದದ್ದಂತೆ, ಉತ್ತರ ಯುರೋಪಿನ ವೈಕಿಂಗರ ಭಾಷೆ, ಅಲ್ಲಿ ಅದಕ್ಕೆ ಪಡೆಯುದು ಅಂತ ಅರ್ಥ. ‘ಆಗುದು’ ಅನ್ನುವ ಅರ್ಥ ಎಲ್ಲ ಆಮೇಲೆ ಸೇರಿದ್ದು.

ಇಲ್ಲಿ ತಮಾಷೆ ಎಂತ ಅಂದ್ರೆ ನಮ್ಮ ಬ್ಯಾಚಲ್ಲಿ ನಾನೊಬ್ಬ ಕನ್ನಡದವ, ಬಾಕಿ ಗುಜರಾತಿ, ಮರಾಠಿ, ಇಬ್ರು ಯುಪಿಯವ್ರು, ಆದ್ರೂ ತಪ್ಪೆಲ್ಲ ಒಂದೇ ಅಚ್ಚಿನದ್ದು. ನಮಗೆ ಕೋಪ ‘ಬರ್ತದೆ’, ಮರಾಠಿಯಲ್ಲಿ ‘ರಾಗ್ ಆಲಾ’, ಹಿಂದಿಯಲ್ಲಿ ‘ಗುಸ್ಸಾ ಆಯಾ’, ಎಲ್ರಿಗೂ ಕೋಪ ಹೊರಗಿಂದ ನೆಂಟರ ಹಾಗೆ ಬರುದು. ಹಾಗಾಗಿ ಎಲ್ರೂ ‘ಆಂಗರ್ ಈಸ್ ಕಮಿಂಗ್’ ಅಂತ ಬರ್ದಿದ್ದೆವು. ಇಂಗ್ಲಿಷಿನಲ್ಲಿ ಕೋಪ ಬರುದಿಲ್ಲ, ಮನುಷ್ಯನೇ ಕೋಪದವ ಆಗ್ಬೇಕು. ಅದೇ ಕಾಯಿಲೆ ನೋಡಿ, ನಾವು ಕಾಯಿಲೆ ‘ಬಿದ್ದ’ ಅಂತೇವೆ, ಅವ್ರದ್ದೂ ‘ಫೆಲ್ ಇಲ್’, ಅಲ್ಲಿ ಸರಿ ಕೂತ್ಕೊಳ್ತದೆ.

ಮಾರನೇ ಕ್ಲಾಸು ‘ಗೋ’. ನನ್ನ ಚಟ್ನಿ ಕತೆ ಹೇಳಿದೆ, ಕ್ಲಾಸಿಡೀ ನಗು, ಆದ್ರೆ ಮೇಡಂ ಅದನ್ನೇ ಹಿಡ್ಕೊಂಡು ಪಾಠ ಮಾಡಿದ್ರು. ಕೆಟ್ಟ ಕಡೆಗೆ ಬದಲಾಗುದಾದ್ರೆ ಹೆಚ್ಚಾಗಿ ಗೋ: ಗೋ ಬ್ಯಾಡ್, ಗೋ ಸ್ಟೇಲ್, ಗೋ ಮ್ಯಾಡ್, ಗೋ ಬಾಲ್ಡ್, ಗೋ ಬ್ಲೈಂಡ್, ಗೋ ಬ್ಯಾಂಕ್ರಪ್ಟ್. ಆಗ ನಂಗೆ ತಲೆಗೆ ಹೊಳೀತು, ಅಯ್ಯೋ ನಾವೂ ಇದನ್ನೇ ಅಲ್ವಾ ಮಾಡುದು, ಕೆಟ್ಟೋಯ್ತು, ಹಾಳಾಗೋಯ್ತು, ಹಳಸಿಹೋಯ್ತು, ಎಲ್ಲದಕ್ಕೂ ಬಾಲದಲ್ಲಿ ಒಂದು ‘ಹೋಯ್ತು’. ಪಕ್ಕದ ಮರಾಠಿ ಆಂಟಿ ‘ವಾಯಾ ಗೇಲಂ’ ಅಂದ್ರು, ಅಲ್ಲೂ ಹೋಗುದೇ. ಅಂದ್ರೆ ಗಾನ್ ಆಫ್ ನಂಗೆ ಅರ್ಥ ಆಗ್ಬೇಕಿತ್ತು, ಇಂಗ್ಲಿಷ್ ಅಂತ ಹೆದರಿ ತಲೆಯೇ ಓಡಿಸಿರ್ಲಿಲ್ಲ. ಆದ್ರೆ ಮುದುಕ ಆಗುದು, ಸುಸ್ತಾಗುದು ಒಳ್ಳೇದಲ್ಲದಿದ್ರೂ ಅದಕ್ಕೆ ಗೋ ಇಲ್ಲ, ಗೆಟ್ ಓಲ್ಡ್, ಗೆಟ್ ಟಯರ್ಡ್. ಯಾಕೆ ಅಂದ್ರೆ ಬಳಕೆ ಅಷ್ಟೇ, ಬಾಯಿಪಾಠ ಮಾಡಿ ಅಂದ್ರು.

ನಾನು ಕೇಳಿದೆ, ಮೇಡಂ ಇಡ್ಲಿ ಹಿಟ್ಟು ಹುಳಿ ಬರುದಕ್ಕೆ ಎಂತ ಹೇಳುದು? ‘ಗೋ ಸೋರ್’ ಅಂದ್ರು. ಅದಾಗುದಿಲ್ಲ ಮೇಡಂ, ಚಟ್ನಿ ಹುಳಿ ಬಂದ್ರೆ ಚೆಲ್ಲುದು, ಹಿಟ್ಟು ಹುಳಿ ಬರ್ಲಿ ಅಂತಲೇ ರಾತ್ರಿ ರುಬ್ಬಿ ಇಡುದು, ಮಳೆಗಾಲದಲ್ಲಿ ಹುಳಿ ಬರ್ಲಿಲ್ಲ ಅಂತ ನಾವು ತಲೆ ಕೆಡಿಸ್ಕೊಳ್ಳುದು, ಎರಡಕ್ಕೂ ಒಂದೇ ಶಬ್ದ ಹೇಗೆ? ಅವ್ರು ಚಾಕ್ ಕೆಳಗಿಟ್ಟು ಒಂದು ನಿಮಿಷ ಯೋಚ್ನೆ ಮಾಡಿ, ಗೋ ಸೋರ್ ಅಂದ್ರೆ ಕೇಳಿದವ್ರಿಗೆ ಹಾಳಾದ ಹಾಗೇ ಕೇಳ್ತದೆ, ನೀವು ‘ದ ಬ್ಯಾಟರ್ ಹ್ಯಾಸ್ ಫರ್ಮೆಂಟೆಡ್’ ಅನ್ನಿ, ಉಬ್ಬಿದ್ರೆ ‘ರಿಸನ್’ ಅನ್ನಿ ಅಂದ್ರು. ಗೊತ್ತಿಲ್ಲದ್ದನ್ನು ಹಾರಿಸಿ ಬಿಡದೆ ಹೀಗೆ ನಿಂತು ಯೋಚ್ನೆ ಮಾಡುವ ಟೀಚರ್ ನಂಗೆ ಶಾಲೆಯಲ್ಲೂ ಸಿಕ್ಕಿರ್ಲಿಲ್ಲ.

ಈಗ ಬೈಗುಳ. ಕ್ಲಾಸಿನ ಬುಕ್ಕು ಅಂತ ಕೊಡುದು ಜೆರಾಕ್ಸ್ ಕಟ್ಟು, ಅದಕ್ಕೆ 350 ಬೇರೆ, ಸೇರುವಾಗ ಹೇಳ್ಲೇ ಇಲ್ಲ. ಅದ್ರಲ್ಲಿ ‘ಗೆಟ್ ಹಂಗ್ರಿ’ ಮತ್ತು ‘ಗೋ ಹಂಗ್ರಿ’ ಎದುರು ಒಂದೇ ಅರ್ಥ ಪ್ರಿಂಟ್ ಮಾಡಿದ್ದಾರೆ. ಒಂದು ಕಾಲೇಜು ಹುಡುಗಿ ಮೊಬೈಲ್ ಡಿಕ್ಷನರಿ ತೆಗೆದು ಹಿಡೀತು ನೋಡಿ: ಗೆಟ್ ಹಂಗ್ರಿ ಅಂದ್ರೆ ಹಸಿವಾಗುದು, ಗೋ ಹಂಗ್ರಿ ಅಂದ್ರೆ ತಿನ್ಲಿಕ್ಕೆ ಇಲ್ಲದೆ ಉಪವಾಸ ಇರುದು. ಇಲ್ಲಿ ಗೋ ಅಂದ್ರೆ ಆಗುದು ಅಲ್ಲ, ಆ ಸ್ಥಿತಿಯಲ್ಲೇ ಉಳಿಯುದು, ಗೋ ಅನ್‌ನೋಟೀಸ್ಡ್, ಯಾರ ಕಣ್ಣಿಗೂ ಬೀಳದೆ ಉಳಿಯುದು, ಇದ್ದ ಹಾಗೆ. ಹೋಟೆಲಿನವನಿಗೆ ಎರಡೂ ಒಂದೇ ಅಂತ ಕಲಿಸಿದ್ರೆ ಹೇಗೆ ಸ್ವಾಮಿ, ಮೊದಲನೆಯದ್ದು ನಮ್ಮ ವ್ಯಾಪಾರ. ಇನ್ನೊಂದು ಕಡೆ ‘ಗೋ ಈಸ್ ಓನ್ಲಿ ಫಾರ್ ಬ್ಯಾಡ್ ಥಿಂಗ್ಸ್’ ಅಂತ ದಪ್ಪ ಅಕ್ಷರದಲ್ಲಿ ಉಂಟು, ಆದ್ರೆ ನಮ್ಮ ಡೆಲಿವರಿ ಆ್ಯಪಿನವ್ರು ‘ಯುವರ್ ಔಟ್‌ಲೆಟ್ ವಿಲ್ ಗೋ ಲೈವ್’ ಅಂತ ಮೆಸೇಜ್ ಹಾಕಿದಾಗ ಭಾವ ಪೇಡೆ ಹಂಚಿದ್ರು, ಅದೆಂತ ಕೆಟ್ಟದ್ದಾ? ಗೋ ವೈರಲ್, ಗೋ ಪಬ್ಲಿಕ್, ಎಲ್ಲ ಉಂಟಲ್ಲ. ಮೇಡಂ ಒಪ್ಪಿ ಪೆನ್ನಲ್ಲಿ ಹೊಡೆದು ಹಾಕ್ಲಿಕ್ಕೆ ಹೇಳಿದ್ರು, ಆದ್ರೆ ಮುಂದಿನ ಬ್ಯಾಚಿಗೆ ಅದೇ ಜೆರಾಕ್ಸ್ ಹಂಚುದನ್ನು ನಾನೇ ನೋಡಿದ್ದೇನೆ.

‘ಐ ಆಮ್ ಗೆಟಿಂಗ್ ಲೇಟ್’ ಅನ್ನುದಕ್ಕೂ ಅರ್ಧ ಗಂಟೆ ಜಗಳ ಆಯ್ತು. ‘ಇಟ್ಸ್ ಗೆಟಿಂಗ್ ಲೇಟ್’ ಅಂದ್ರೆ ಹೊತ್ತಾಯ್ತು, ಅದು ಸರಿ, ನನಗೆ ತಡ ಆಗ್ತಾ ಉಂಟು ಅನ್ಲಿಕ್ಕೆ ‘ಐ ಆಮ್ ರನಿಂಗ್ ಲೇಟ್’ ಅನ್ಬೇಕಂತೆ. ಮುಂಬೈಯಲ್ಲಿ ಲೋಕಲಿಗೆ ಓಡುವ ಯಾರನ್ನು ಕೇಳಿದ್ರೂ ಗೆಟಿಂಗ್ ಲೇಟೇ ಅನ್ನುದು. ಇದು ಇಲ್ಲಿ ಎಲ್ರಿಗೂ ಅರ್ಥ ಆಗ್ತದೆ, ಹೊರಗಿನವ್ರ ಹತ್ರ ಮಾತ್ರ ಜಾಗ್ರತೆ ಅಂತ ಮೇಡಮ್ಮೇ ರಾಜಿ ಮಾಡಿಸಿದ್ರು.

ಯಾರು ಹೋಗ್ಬಹುದು? ಕೌಂಟರಿನಲ್ಲಿ ಕೂರುವವ್ರು, ಅಂಗಡಿ ನಡೆಸುವವ್ರು, ಮಕ್ಕಳ ಶಾಲೆಯ ಮೀಟಿಂಗಿಗೆ ಹೋಗ್ಲಿಕ್ಕೆ ಹೆದರುವ ಅಮ್ಮಂದಿರು ಧಾರಾಳ ಹೋಗಿ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೀಬೇಕು, ವಿದೇಶಕ್ಕೆ ಹೋಗ್ಬೇಕು ಅನ್ನುವವ್ರಿಗೆ ಇದು ಅಲ್ಲ. ಸೇರುವ ಮೊದ್ಲು ಬುಕ್ಕಿನ ದುಡ್ಡು, ಸರ್ಟಿಫಿಕೇಟಿನ ದುಡ್ಡು ಕೇಳಿಯೇ ಸೇರಿ, ಸರ್ಟಿಫಿಕೇಟಿಗೆ 300 ಅಂತ ಕೊನೆ ದಿನ ಹೇಳ್ತಾರೆ, ನಾನು ತಗೊಳ್ಲಿಲ್ಲ, ಗಲ್ಲಾ ಹಿಂದೆ ಗಣಪತಿ ಫೋಟೋ ಪಕ್ಕ ಅದನ್ನು ತೂಗು ಹಾಕಿ ಎಂತ ಮಾಡ್ಲಿಕ್ಕುಂಟು. ಐದಕ್ಕೆ ಮೂರೂವರೆ ಸ್ಟಾರ್, ಅದರಲ್ಲಿ ಮೂರು ಮೇಡಮ್ಮಿಗೆ.

ಎರಡನೇ ಲೆವೆಲಿಗೆ 6,500 ಅಂತೆ, ಅದರಲ್ಲಿ ‘ಮೇಕ್’ ಮತ್ತು ‘ಟೇಕ್’ ಉಂಟಂತೆ. ಅದೇ ಮೇಡಂ ಮಧ್ಯಾಹ್ನಕ್ಕೇ ಬರುದಾದ್ರೆ ಸೇರ್ತೇನೆ ಅಂತ ಓನರ್ ಹತ್ರ ಹೇಳಿದ್ದೇನೆ, ನೋಡುವ ಅಂದಿದ್ದಾರೆ, ಅಂದು ಮೂರನೇ ಸಲ ಚಟ್ನಿ ಕೇಳಿದ್ರು.