ಮಕ್ಕಳಿಗೆ ಪೋನಿ ಕೊಳ್ಳುವ ಮುಂಚೆ ಅದರ ರಕ್ತ ತೆಗೆಸಿ

ಮಗನಿಗೋ ಮಗಳಿಗೋ ಪ್ರದರ್ಶನಕ್ಕೆಂದು ಪೋನಿ, ಅಂದರೆ ಸಣ್ಣ ತಳಿಯ ಕುದುರೆ, ಹುಡುಕುತ್ತಿದ್ದೀರಾ? ಮುಂಗಡ ಕೊಡುವ ಮುಂಚೆ ಇದನ್ನೊಮ್ಮೆ ಓದಿ. ನಮಗೆ ಮಾರಿದವರು ಕುಂಟುವ ಪೋನಿಗೆ ನೋವಿನ ಔಷಧ ಕೊಟ್ಟು ನೆಟ್ಟಗೆ ನಡೆಸಿ ತೋರಿಸಿದರು. ಮಂಪರು ಬರಿಸಿ ಸಾಧು ಮಾಡಿದರು. ವಯಸ್ಸನ್ನೂ ಇಳಿಸಿ ಹೇಳಿದರು. ನೋವಿನ ಔಷಧಕ್ಕೆ ಲ್ಯಾಬ್ ವರದಿ ಇದೆ, ವಯಸ್ಸಿಗೆ ದಾಖಲೆ ಇದೆ. ಮಂಪರಿಗೆ ಲ್ಯಾಬ್ ಸಾಕ್ಷಿ ಇಲ್ಲ, ಆದರೆ ವಿಡಿಯೋ ಇದೆ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಮಗಳಿಗೆ ಪ್ರಾಣಿ ಸಾಕುವುದು ಹೊಸದಲ್ಲ. ಕುರಿಮರಿ ಸಾಕಿ, ಹಗ್ಗ ಹಿಡಿದು ನಡೆಯುವುದನ್ನು ಕಲಿಸಿ, ತೀರ್ಪುಗಾರರ ಮುಂದೆ ನಿಲ್ಲಿಸಿದವಳು. ಮೇವು ಎಷ್ಟು, ತೂಕ ಎಷ್ಟು, ಯಾವ ದಿನ ಜಂತುಹುಳದ ಔಷಧ ಕೊಟ್ಟಿದ್ದು, ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಾಳೆ. ಈ ನೋಟ್‌ಬುಕ್ ಮುಂದೆ ಬಹಳ ಕೆಲಸಕ್ಕೆ ಬಂತು. ಕುದುರೆ ಸವಾರಿ ಕಲಿತ ಮೇಲೆ ಸ್ವಂತದ್ದೊಂದು ಬೇಕು ಅಂದಳು. ಹುಡುಕಾಟ ಶುರುವಾಯಿತು.

ಜಾಹೀರಾತಿನಲ್ಲಿ ಬೀಜ ಒಡೆದ ಗಂಡು ಪೋನಿ, 11 ವರ್ಷ, ಮಕ್ಕಳಿಗೆ ಹೇಳಿ ಮಾಡಿಸಿದ್ದು ಅಂತಿತ್ತು. ರಿಬ್ಬನ್ ಕಟ್ಟಿದ ಫೋಟೋಗಳೂ ಇದ್ದವು. ಫೋನ್ ಮಾಡಿದಾಗ ಬಹಳ ಒಳ್ಳೆಯ ಮಾತು. "ಪಕ್ಕದಲ್ಲಿ ಪಟಾಕಿ ಹೊಡೆದರೂ ಅಲ್ಲಾಡಲ್ಲ, ನೀವೇ ಬಂದು ನೋಡಿ."

ಹೋದೆವು. ಪೋನಿಗೆ ಆಗಲೇ ಜೀನು ಹಾಕಿ, ಲಗಾಮು ತೊಡಿಸಿ, ಮರಳಿನ ಅಂಗಳದಲ್ಲಿ ನಿಲ್ಲಿಸಿದ್ದರು. ಹೊಟ್ಟೆಪಟ್ಟಿಯ ಹತ್ತಿರ ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು. ನೀವು ಬರುತ್ತೀರಿ ಅಂತ ಮೈ ತೊಳೆದೆವು ಅಂದರು. ತಲೆ ತಗ್ಗಿಸಿ ನಿಂತಿತ್ತು ಪಾಪ. ಕೆಳತುಟಿ ಜೋತು ಬಿದ್ದು ಒಳಗಿನ ಗುಲಾಬಿ ಕಾಣುತ್ತಿತ್ತು. ರೆಪ್ಪೆ ಅರ್ಧ ಮುಚ್ಚಿತ್ತು. ನೊಣ ಕೂತರೂ ಕಿವಿ ಆಡಿಸಲಿಲ್ಲ. ಎಷ್ಟು ಶಾಂತ ನೋಡಿ ಅಂದರು. ಹಾಗೆ ಹೇಳುತ್ತಲೇ ಮಗಳ ಕೈಗೆ ಬ್ರಷ್ ಕೊಟ್ಟರು. ಇಂಥ ವ್ಯಾಪಾರದಲ್ಲಿ ಪಳಗಿದವರು ಮೊದಲು ಮಾಡುವುದೇ ಇದು. ಮಗು ಐದು ನಿಮಿಷ ಅದರ ಮೈ ತಿಕ್ಕಿದರೆ ಸಾಕು, ಆಮೇಲೆ ಬೇಡ ಅನ್ನಲು ಯಾವ ತಂದೆ ತಾಯಿಗೆ ಬಾಯಿ ಬರುತ್ತದೆ ಹೇಳಿ?

ಸವಾರಿಯೂ ಆಯಿತು. ಮರಳಿನ ಮೇಲೆ ನೇರವಾಗಿ ನಡಿಗೆ, ಸ್ವಲ್ಪ ಟ್ರಾಟ್ ಅಂದರೆ ಹಗುರ ಓಟ. ಗಟ್ಟಿ ನೆಲದ ಮೇಲೆ ಓಡಿಸಿ ಅಂದಿದ್ದಕ್ಕೆ "ಲಾಳ ಹೊಸದು, ಜಾರುತ್ತದೆ" ಅಂದರು. ವೈದ್ಯರ ಪ್ರಮಾಣಪತ್ರ ತೋರಿಸಿದರು. ಅದು ಅವರೇ ಕರೆಸಿದ ವೈದ್ಯರದ್ದು. ಸಂಜೆ ಇನ್ನೊಬ್ಬರು ನೋಡಲು ಬರುತ್ತಾರೆ, ಅವರು ಕ್ಯಾಶ್ ತರುತ್ತಾರೆ ಅಂತ ಬೇರೆ ಹೇಳಿದರು.

ಪೋನಿ ನಮ್ಮ ಲಾಯಕ್ಕೆ ಬಂತು. ಮಾರನೇ ದಿನ ಬಾಗಿಲು ತೆಗೆದರೆ ಅದು ಬೇರೆಯೇ ಪ್ರಾಣಿ. ಕಣ್ಣು ಅಗಲ, ಕಿವಿ ನೆಟ್ಟಗೆ, ಬಕೆಟ್ ಸದ್ದಿಗೇ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿತ್ತು. ಜೀನಿನ ಪಟ್ಟಿ ಬಿಗಿಯಲು ಹೋದರೆ ಹಲ್ಲು ತೋರಿಸುತ್ತಿತ್ತು. ಹೊಸ ಜಾಗ ಅಲ್ವಾ, ಹೊಂದಿಕೊಳ್ಳಲಿ ಅಂತ ಬಿಟ್ಟೆವು. ಇನ್ನೂ ಕೆಲವು ದಿನ ಕಳೆದ ಮೇಲೆ ನಡಿಗೆಯೂ ಬದಲಾಯಿತು. ಹೆಜ್ಜೆ ಗಿಡ್ಡವಾಯಿತು. ಮಗಳ ನೋಟ್‌ಬುಕ್‌ನಲ್ಲಿ ಆ ದಿನಗಳದ್ದು ಹೀಗಿದೆ: "ಬಲಕ್ಕೆ ತಿರುಗಿದಾಗ ತಲೆ ಕುಣಿಸುತ್ತದೆ. ಮರಳಲ್ಲಿ ಕಮ್ಮಿ, ಸಿಮೆಂಟಲ್ಲಿ ಜಾಸ್ತಿ." ಕುದುರೆ ಕಂಡರೆ ಕಾಲುನೋವು ಅಂತಾರಲ್ಲ, ಇಲ್ಲಿ ಕಾಲುನೋವು ಕುದುರೆಗೇ ಇತ್ತು.

ಅದೇ ವಾರ ಬಿಗಿ ತಿರುವಿನಲ್ಲಿ ಅದು ಗಕ್ಕನೆ ನಿಂತು ಬೆನ್ನು ಕೊಡವಿತು. ಮಗಳು ಕೆಳಗೆ ಬಿದ್ದಳು. ಹೆಲ್ಮೆಟ್ ಇದ್ದಿದ್ದಕ್ಕೆ ತಲೆ ಉಳಿಯಿತು, ಮಣಿಕಟ್ಟು ಮುರಿಯಿತು. ಸಂಜೆಯೇ ನಮ್ಮ ಪಶುವೈದ್ಯರನ್ನು ಕರೆಸಿದೆವು.

ಅವರು ಕೆಲಸ ಮಾಡಿದ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಕೊಳ್ಳುವವರು ತಿಳಿದಿರಬೇಕಾದ್ದು ಇಲ್ಲೇ ಇದೆ. ಕಾಲು ಮುಟ್ಟುವ ಮುಂಚೆ ಅವರು ರಕ್ತ ತೆಗೆದರು. ಆಮೇಲೆ ಗಟ್ಟಿ ನೆಲದ ಮೇಲೆ ನೇರವಾಗಿ ಟ್ರಾಟ್ ಮಾಡಿಸಿದರು. ಮುಂಗಾಲು ಕುಂಟುವ ಕುದುರೆ ನೋವಿರುವ ಕಾಲು ಊರಿದಾಗ ತಲೆ ಮೇಲೆತ್ತುತ್ತದೆ, ಚೆನ್ನಾಗಿರುವ ಕಾಲು ಊರಿದಾಗ ತಲೆ ತಗ್ಗಿಸುತ್ತದೆ. ನಮ್ಮ ಪೋನಿ ನೇರ ದಾರಿಯಲ್ಲಿ ತಲೆ ಅಷ್ಟಾಗಿ ಆಡಿಸಲಿಲ್ಲ. ಹೆಜ್ಜೆ ಮಾತ್ರ ಗಿಡ್ಡ, ಗೊರಸಿನ ತುದಿ ಮೊದಲು ನೆಲಕ್ಕೆ ತಾಗುತ್ತಿತ್ತು. ವೃತ್ತದಲ್ಲಿ ಓಡಿಸಿದಾಗ ಬಂಡವಾಳ ಬಯಲಾಯಿತು. ಬಲಕ್ಕೆ ತಿರುಗಿದರೆ ಬಲಗಾಲು ಕುಂಟು. ಆ ಕಾಲಿನ ಗೊರಸಿನ ಹಿಮ್ಮಡಿ ಕಡೆಯ ನರಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸ್ವಲ್ಪ ಹೊತ್ತು ಕಾದರು. ಮತ್ತೆ ಓಡಿಸಿದರೆ ಬಲಗಾಲು ಸರಿ, ಈಗ ಎಡಗಾಲು ಕುಂಟತೊಡಗಿತು! ಎರಡೂ ಮುಂಗಾಲಿನ ಹಿಮ್ಮಡಿಯಲ್ಲಿ ನೋವಿತ್ತು. ಎರಡೂ ಕಡೆ ನೋವಿದ್ದರೆ ಒಂದಕ್ಕೊಂದು ಸರಿದೂಗಿಸಿ ಕುಂಟು ಎದ್ದು ಕಾಣುವುದಿಲ್ಲವಂತೆ. ಎಕ್ಸ್‌ರೇಯಲ್ಲಿ ಗೊರಸಿನೊಳಗಿನ ನ್ಯಾವಿಕ್ಯುಲರ್ ಅನ್ನುವ ಪುಟ್ಟ ಮೂಳೆ ಸವೆದಿದ್ದು ಕಂಡಿತು. ಇದು ವಾರದಲ್ಲಿ ಬರುವ ಕಾಯಿಲೆ ಅಲ್ಲ. ನಿಧಾನವಾಗಿ ಬೆಳೆಯುವಂಥದ್ದು.

ಬಾಯಿ ತೆರೆಸಿ ಹಲ್ಲು ನೋಡಿದರು. ಮೇಲಿನ ಮೂಲೆಯ ಬಾಚಿಹಲ್ಲಿನ ಮೇಲೆ ಗ್ಯಾಲ್ವೇನ್ ಗೆರೆ ಅಂತ ಒಂದು ಕಂದು ಗೀರು ಇರುತ್ತದೆ. ಅದು ಸುಮಾರು 10ನೇ ವರ್ಷಕ್ಕೆ ಒಸಡಿನ ಹತ್ತಿರ ಕಾಣಿಸಿಕೊಳ್ಳುತ್ತದೆ, 15ಕ್ಕೆ ಅರ್ಧ ಹಲ್ಲಿನವರೆಗೆ ಇಳಿಯುತ್ತದೆ, 20ಕ್ಕೆ ತುದಿ ಮುಟ್ಟುತ್ತದೆ. ಕರಾರುವಾಕ್ಕಾದ ಲೆಕ್ಕ ಅಲ್ಲ ಇದು, ಕುದುರೆಯಿಂದ ಕುದುರೆಗೆ ಹೆಚ್ಚುಕಮ್ಮಿ ಆಗುತ್ತದೆ. ಆದರೆ ನಮ್ಮ ಪೋನಿಯ ಗೆರೆ ಅರ್ಧ ದಾಟಿತ್ತು. ಕತ್ತಿನ ಎಡಭಾಗಕ್ಕೆ ಸ್ಕ್ಯಾನರ್ ಹಿಡಿದರೆ ಚರ್ಮದಡಿ ಹಾಕುವ ಗುರುತಿನ ಚಿಪ್ ಕೂಡ ಸಿಕ್ಕಿತು. ಚಿಪ್ಪೇ ಹಾಕಿಸಿಲ್ಲ ಅಂದಿದ್ದರು ಪುಣ್ಯಾತ್ಮರು. 15 ಅಂಕಿಯ ಆ ಸಂಖ್ಯೆ ಹಾಕಿ ನೋಂದಣಿ ತೆಗೆಸಿದರೆ ಬೇರೆ ಹೆಸರು, ವಯಸ್ಸು 17.

ರಕ್ತದ ವರದಿಯಲ್ಲಿ ಫಿನೈಲ್‌ಬ್ಯುಟಜೋನ್ ಬಂತು. ಕುದುರೆಯವರು ಇದನ್ನು ಬ್ಯೂಟ್ ಅನ್ನುತ್ತಾರೆ. ಒಳ್ಳೆಯ ಔಷಧವೇ. 1950ರ ದಶಕದಿಂದ ಕುದುರೆಗಳಿಗೆ ಕೊಡುತ್ತಿದ್ದಾರೆ, ಅಗ್ಗ, ಮೂಳೆ ಮತ್ತು ಕೀಲಿನ ನೋವಿಗೆ ಚೆನ್ನಾಗಿ ಹಿಡಿಯುತ್ತದೆ. ತೊಂದರೆ ಇರುವುದು ಬಳಸುವವರ ಬುದ್ಧಿಯಲ್ಲಿ. ಬಾಯಿಗೆ ಹಾಕುವ ಪೇಸ್ಟ್ ಆಗಿಯೂ ಸಿಗುತ್ತದೆ, ಮೇವಿಗೆ ಬೆರೆಸುವ ಪುಡಿಯಾಗಿಯೂ ಸಿಗುತ್ತದೆ. ಕೊಳ್ಳುವವರು ಬರುವ ಮುಂಚೆ ಒಂದೆರಡು ದಿನ ಕೊಟ್ಟರೆ ಸಾಕು, ಕುಂಟು ಮಾಯ. ಔಷಧ ಇಳಿದ ಮೇಲೆ ನೋವು ಹಾಗೇ ಇರುತ್ತದೆ. ಜಾಸ್ತಿ ದಿನ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೂ ಪೆಟ್ಟು.

ಇನ್ನು ಮಂಪರು. ಅದು ರಕ್ತದಲ್ಲಿ ಸಿಗಲಿಲ್ಲ, ಅಷ್ಟು ಹೊತ್ತಿಗೆ ತಡವಾಗಿತ್ತು. ಆದರೆ ನೋಡಲು ಹೋದ ದಿನ ಮನೆಯವರು ಮೊಬೈಲ್‌ನಲ್ಲಿ ವಿಡಿಯೋ ಮಾಡಿದ್ದರು. ವೈದ್ಯರು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರು. ಜೋತ ತುಟಿ, ಇಳಿದ ರೆಪ್ಪೆ, ಅಗಲಿಸಿ ನಿಂತ ಕಾಲು ತೋರಿಸಿದರು. ಮತ್ತೆ ಗಂಡು ಕುದುರೆಯಲ್ಲಿ ಮಾತ್ರ ಕಾಣುವ ಒಂದು ಗುರುತು: ಶಿಶ್ನ ಹೊರಗೆ ಜೋತು ಬಿದ್ದಿತ್ತು, ಉದ್ದಕ್ಕೂ ಹಾಗೇ ಇತ್ತು. ಏಸ್‌ಪ್ರೊಮಜಿನ್ ಅನ್ನುವ ಮಂಪರು ಔಷಧದಲ್ಲಿ ಹೀಗಾಗುತ್ತದೆ. ಅಪರೂಪಕ್ಕೆ ಅದು ಮತ್ತೆ ಒಳಗೆ ಹೋಗದೆ ಕುದುರೆಗೇ ಅಪಾಯ ಆಗುವುದೂ ಉಂಟು. ಹೊಟ್ಟೆಪಟ್ಟಿಯ ಹತ್ತಿರದ ಒದ್ದೆಯನ್ನೂ ಅವರು ಬಿಡಲಿಲ್ಲ. ಮೈ ತೊಳೆದಿದ್ದರೆ ಮೈಯೆಲ್ಲ ಒದ್ದೆ ಇರಬೇಕಿತ್ತು. ಪಟ್ಟಿಯ ಅಂಚಿನಲ್ಲಿ ಮಾತ್ರ ಒದ್ದೆ ಅಂದರೆ ಅದು ಬೆವರು. ನಾವು ಬರುವ ಮುಂಚೆ ಹಗ್ಗ ಕಟ್ಟಿ ಸುತ್ತ ಓಡಿಸಿ ಸುಸ್ತು ಮಾಡಿದ್ದರು.

ಮಾರಿದವರಿಗೆ ವರದಿ ಕಳಿಸಿದೆವು. ಮೊದಲು "ನಿಮ್ಮ ಹುಡುಗಿಗೆ ಕೈ ಹಗುರ ಇಲ್ಲ" ಅಂದರು. ಆಮೇಲೆ ಇರುವ ಸ್ಥಿತಿಯಲ್ಲೇ ಕೊಂಡಿದ್ದೇನೆ ಅಂತ ನಾನು ಸಹಿ ಮಾಡಿದ್ದ ಕಾಗದ ತೋರಿಸಿದರು. ಆಮೇಲೆ ನಂಬರ್ ಬ್ಲಾಕ್. ದುಡ್ಡು ಬಂದಿಲ್ಲ. ಅದರ ಕಥೆ ಬೇರೆ, ಇಲ್ಲಿ ಬೇಡ.

ಇದರಲ್ಲಿ ಇನ್ನೊಂದು ಅಪಾಯವಿದೆ. ಆ ವಾರವೇ ಪ್ರದರ್ಶನ ಇದ್ದು, ಅಲ್ಲಿ ಔಷಧ ಪರೀಕ್ಷೆ ನಡೆದಿದ್ದರೆ ಸಿಕ್ಕಿಬೀಳುತ್ತಿದ್ದವಳು ನಮ್ಮ ಮಗಳು. ಪರೀಕ್ಷೆ ಇರುವ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ನಿಯಮ ಒಂದೇ: ಪ್ರಾಣಿಯ ಮೈಯಲ್ಲಿ ನಿಷೇಧಿತ ಔಷಧ ಸಿಕ್ಕಿತೋ, ತಪ್ಪು ಆದಂತೆಯೇ. ಯಾರು ಕೊಟ್ಟರು, ಯಾಕೆ ಕೊಟ್ಟರು ಅನ್ನುವುದು ಆಮೇಲಿನ ಮಾತು. ಅಮೆರಿಕದ ದೊಡ್ಡ ಕುದುರೆ ಓಟ ಕೆಂಟಕಿ ಡರ್ಬಿಯಲ್ಲಿ 1968ರಲ್ಲಿ ಮೊದಲು ಬಂದ ಡ್ಯಾನ್ಸರ್ಸ್ ಇಮೇಜ್ ಕುದುರೆ ಪಟ್ಟ ಕಳೆದುಕೊಂಡಿದ್ದು ಇದೇ ಬ್ಯೂಟ್‌ನಿಂದ. ಗೆಲುವು ಫಾರ್ವರ್ಡ್ ಪಾಸ್ ಅನ್ನುವ ಕುದುರೆಗೆ ಹೋಯಿತು, ಕೋರ್ಟು ಕಚೇರಿ ಅಂತ ಜಗಳ ವರ್ಷಗಟ್ಟಲೆ ನಡೆಯಿತು. ದೊಡ್ಡವರ ಗತಿಯೇ ಹಾಗಾದರೆ, ಶಾಲೆಗೆ ಹೋಗುವ ಮಗು ಎಲ್ಲರ ಎದುರು ಮೋಸಗಾರಳು ಅನ್ನಿಸಿಕೊಂಡರೆ ಏನು ಗತಿ?

ಹಾಗಾಗಿ ನೋಡಲು ಹೋಗುವಾಗ ಹೇಳಿದ ಹೊತ್ತಿಗಿಂತ ಮುಂಚೆ ಹೋಗಿ. ಜೀನಿಲ್ಲದೆ, ಲಾಯದೊಳಗೆ ನಿಂತ ಕುದುರೆಯನ್ನು ನೋಡಬೇಕು ಅಂತ ಮೊದಲೇ ಹೇಳಿಬಿಡಿ. ಬಕೆಟ್‌ನಲ್ಲಿ ನೀರಿದೆಯಾ ನೋಡಿ, ಸುಸ್ತಾಗಿರಲಿ ಅಂತ ನೀರು ಕೊಡದೆ ಇಡುವವರೂ ಇದ್ದಾರೆ. ಹೊರಗೆ ತರುವುದು, ಕಟ್ಟುವುದು, ಗೊರಸು ಎತ್ತುವುದು, ಜೀನು ಬಿಗಿಯುವುದು ಎಲ್ಲ ನಿಮ್ಮ ಕಣ್ಣೆದುರೇ ಆಗಲಿ. ಮೊದಲು ಅವರ ಸವಾರ ಹತ್ತಲಿ. ಗಟ್ಟಿ ನೆಲದ ಮೇಲೆ, ಎರಡೂ ಕಡೆಗೆ ವೃತ್ತದಲ್ಲಿ ಟ್ರಾಟ್ ಆಗಲೇಬೇಕು. ಜಾರುತ್ತದೆ, ಮಳೆ ಬಂದಿದೆ, ಲಾಳ ಹೊಸದು ಅಂದರೆ ಇನ್ನೊಂದು ದಿನ ಬರುತ್ತೇವೆ ಅನ್ನಿ. ವಿಡಿಯೋ ಮಾಡಿಟ್ಟುಕೊಳ್ಳಿ, ಸುಮ್ನೆ ಆದರೂ ಇರಲಿ. ಮೊದಲ ಸಲ ಮಗುವನ್ನು ಕರೆದೊಯ್ಯಬೇಡಿ. ಅತ್ತರೂ ಪರವಾಗಿಲ್ಲ.

ವೈದ್ಯರು ನಿಮ್ಮವರಾಗಿರಬೇಕು, ಫೀಸು ನೀವೇ ಕೊಡಬೇಕು. ಆ ಕುದುರೆಗೆ ಮೊದಲಿನಿಂದ ಔಷಧ ಕೊಡುತ್ತಾ ಬಂದವರು ಬೇಡ. ಪೂರ್ತಿ ಪರೀಕ್ಷೆ ಅಂದರೆ ನಿಂತಲ್ಲಿ ತಪಾಸಣೆ, ಕೈಯಲ್ಲಿ ಹಿಡಿದು ಟ್ರಾಟ್, ಚೆನ್ನಾಗಿ ದುಡಿಸುವುದು, ವಿಶ್ರಾಂತಿ, ಮತ್ತೆ ಟ್ರಾಟ್. ಅದೇ ದಿನ ರಕ್ತ ತೆಗೆಸಿ. ಪರೀಕ್ಷೆಗೆ ಜಾಸ್ತಿ ಖರ್ಚು ಅನ್ನಿಸಿದರೆ ಮಾದರಿಯನ್ನು ಲ್ಯಾಬ್‌ನಲ್ಲಿ ಇಡಿಸಬಹುದು, ಆಮೇಲೆ ಅನುಮಾನ ಬಂದರೆ ಮಾತ್ರ ಪರೀಕ್ಷೆ. ರಕ್ತ ತೆಗೆಯುತ್ತೇವೆ ಅಂದ ಕ್ಷಣ ಮಾರುವವರ ಮುಖ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಸ್ಕ್ಯಾನರ್ ಹಿಡಿಸಿ ಚಿಪ್ ಸಂಖ್ಯೆ ಕಾಗದದ ಜೊತೆ ತಾಳೆ ನೋಡಿ.

ಕರು, ಕುರಿ, ಮೇಕೆ ಕೊಳ್ಳುವವರು ನಮಗಿದು ಬೇಡ ಅಂದುಕೊಳ್ಳಬೇಡಿ. ಪರಿಚಯದವರ ಮಗ ಪ್ರದರ್ಶನಕ್ಕೆಂದು ಹೆಣ್ಣು ಕರು ತಂದು ಪ್ರೀತಿಯಿಂದ ಬೆಳೆಸಿದ. ಬೆದೆಗೆ ಬರಲೇ ಇಲ್ಲ. ವಿಚಾರಿಸಿದರೆ ಅದು ಗಂಡು ಕರುವಿನ ಜೊತೆ ಅವಳಿಯಾಗಿ ಹುಟ್ಟಿದ್ದು. ಹೊಟ್ಟೆಯಲ್ಲಿದ್ದಾಗಲೇ ಎರಡರ ರಕ್ತವೂ ಬೆರೆತು ಹೆಣ್ಣು ಕರುವಿನ ಗರ್ಭಕೋಶ ಸರಿಯಾಗಿ ಬೆಳೆಯುವುದಿಲ್ಲ, ಹತ್ತರಲ್ಲಿ ಒಂಬತ್ತು ಗೊಡ್ಡೇ ಆಗುತ್ತವೆ. ಮಾರಿದವರಿಗೆ ಇದು ಗೊತ್ತಿತ್ತು, ಹೇಳಲಿಲ್ಲ ಅಷ್ಟೇ. ಹಾಲಿನ ಹಸು ಕೆಚ್ಚಲು ತುಂಬಿಸಿಕೊಂಡು ನಿಂತಿದ್ದರೆ ಹಿಂದಿನ ಕರಾವು ಯಾವಾಗ ಆಗಿದ್ದು ಕೇಳಿ. ಕೆಚ್ಚಲು ದೊಡ್ಡದಾಗಿ ಕಾಣಲಿ ಅಂತ ಹಾಲು ಕರೆಯದೆ ಬಿಡುವುದು ಹಳೇ ಆಟ. ಕರೆಯುವವರೆಗೂ ಕಾದು, ಕರೆದ ಮೇಲೆ ಮತ್ತೊಮ್ಮೆ ನೋಡಿ. ಮಾಂಸಕ್ಕೆ ಹೋಗುವ ಪ್ರಾಣಿಯಾದರೆ ಕೊನೆಯ ಇಂಜೆಕ್ಷನ್ ಯಾವುದು, ಯಾವ ದಿನ ಅಂತ ಕೇಳಲೇಬೇಕು. ಪ್ರತಿ ಔಷಧಕ್ಕೂ ಮೈಯಿಂದ ಇಳಿಯಲು ಇಷ್ಟು ದಿನ ಅಂತ ಲೇಬಲ್ ಮೇಲೆ ಬರೆದಿರುತ್ತದೆ.

ಪೋನಿ ನಮ್ಮ ಹತ್ತಿರವೇ ಇದೆ. ಹಿಮ್ಮಡಿಗೆ ಆಸರೆ ಕೊಡುವ ಲಾಳ ಹಾಕಿಸಿದ್ದೇವೆ, ನಡಿಗೆ ಹಗುರಾಗಿದೆ. ನೋವು ಕಮ್ಮಿಯಾದ ಮೇಲೆ ಸಿಟ್ಟೂ ಕಮ್ಮಿಯಾಗಿದೆ. ಸ್ಪರ್ಧೆಗೆ ಆಗುವುದಿಲ್ಲ. ಮಗಳು ಈಗ ಬೇರೆಯವರ ಕುದುರೆಯನ್ನು ಕೆಲವು ತಿಂಗಳಿಗೆ ಎರವಲು ಪಡೆದು ತಯಾರಿ ಮಾಡುತ್ತಿದ್ದಾಳೆ. ನನ್ನ ಕೇಳಿದರೆ ಮಕ್ಕಳ ಮೊದಲ ಕುದುರೆಗೆ ಇದೇ ವಾಸಿ. ಹೊಂದದಿದ್ದರೆ ವಾಪಸ್ ಕೊಡಬಹುದು.

ಕೊಳ್ಳುವುದೇ ಆದರೆ, ಕೊನೆಗೆ ಕಾಗದದ ವಿಷಯ. ಇರುವ ಸ್ಥಿತಿಯಲ್ಲೇ ಅನ್ನುವ ಸಾಲು ಕಂಡರೆ ಸಹಿ ಹಾಕಬೇಡಿ. ಈ ಮೂರನ್ನು ಮಾರುವವರ ಕೈಯಲ್ಲೇ ಬರೆಸಿಕೊಳ್ಳಿ: ಕಳೆದ ಒಂದು ತಿಂಗಳಲ್ಲಿ ಕೊಟ್ಟ ಎಲ್ಲ ಔಷಧಗಳ ಹೆಸರು ಮತ್ತು ದಿನಾಂಕ, ಹಿಂದೆ ಕುಂಟಿದ್ದುಂಟೇ ಅನ್ನುವುದಕ್ಕೆ ಹೌದು ಅಥವಾ ಇಲ್ಲ, ರಕ್ತದಲ್ಲಿ ಹೇಳದ ಔಷಧ ಸಿಕ್ಕರೆ ಪೂರ್ತಿ ಹಣ ವಾಪಸ್ ಮತ್ತು ಸಾಗಣೆ ಖರ್ಚು ಅವರದ್ದೇ ಅನ್ನುವ ಮಾತು. ಬರೆದುಕೊಡುವುದಿಲ್ಲ ಅಂದರೆ ಟ್ರೈಲರ್ ಖಾಲಿಯೇ ವಾಪಸ್ ತನ್ನಿ.